ಕುಡಿತ ಬಿಡಲು ಮೀಟಿಂಗಿಗೆ ಹೋದೆ, ನಾಲ್ಕನೆಯದು ಹಿಡಿಸಿತು

ಮೊದಲ ಸಲ ಹೋದಾಗ ಒಳಗೇ ಹೋಗಲಿಲ್ಲ. ರಸ್ತೆಯ ಆಚೆ ಬದಿ ನಿಂತು, ಫೋನ್ ನೋಡುವವನ ಹಾಗೆ ನಟಿಸುತ್ತಾ, ಯಾರ್ಯಾರು ಒಳಗೆ ಹೋಗುತ್ತಾರೆ ಅಂತ ಎಣಿಸಿದೆ. ಹನ್ನೊಂದು ಜನ. ಎಲ್ಲರದ್ದೂ ಇಸ್ತ್ರಿ ಮಾಡಿದ ಬಟ್ಟೆ. ಇವರ್ಯಾರೂ ಕುಡುಕರಲ್ಲ, ವಿಳಾಸ ತಪ್ಪಿರಬೇಕು ಅಂದುಕೊಂಡು ವಾಪಸ್ ಬಂದೆ. ಆ ರಾತ್ರಿ ಕುಡಿದೆ.

ಮೀಟಿಂಗಿನ ಮಾತಿಗೂ ಮುಂಚೆ ಒಂದು ವಿಷಯ. ಆಗ ನನಗೆ ಬೆಳಿಗ್ಗೆ ಎದ್ದರೆ ಕೈ ನಡುಕ. ಅಷ್ಟು ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣಿಸಿ, ಎಲ್ಲಿದ್ದೇನೆ ಅನ್ನುವುದೂ ಗೊತ್ತಾಗದ ಸ್ಥಿತಿ ಬರಬಹುದು. ಜೀವಕ್ಕೇ ಅಪಾಯ. ಹಾಗಾಗಿ ಡಾಕ್ಟರ್ ಹತ್ತಿರ ಹೋಗಿ, ಮಾತ್ರೆ ಮತ್ತು ಬಿ1 ವಿಟಮಿನ್ ತಗೊಂಡು ನಿಲ್ಲಿಸಿದೆ. ಮೀಟಿಂಗ್ ಬೇಕಾಗಿದ್ದು ಅದಾದ ಮೇಲಿನ ಸಂಜೆಗಳಿಗೆ.

ಹುಡುಕುವುದು ಸುಲಭ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅವರ ಮೀಟಿಂಗುಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಆದರೆ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಒಂದು ಕಡೆ ಹೋದರೆ ಗೇಟಿಗೆ ಬೀಗ, ಮೀಟಿಂಗ್ ಬೇರೆ ಜಾಗಕ್ಕೆ ಹೋಗಿ ತಿಂಗಳುಗಳೇ ಆಗಿತ್ತಂತೆ. ಆಮೇಲೆ ಹೊರಡುವ ಮುಂಚೆ ಹೆಲ್ಪ್‌ಲೈನಿಗೆ ಫೋನ್ ಮಾಡುವುದನ್ನು ರೂಢಿ ಮಾಡಿಕೊಂಡೆ. ಫೋನ್ ಎತ್ತಿದವರೂ ಕುಡಿತ ಬಿಟ್ಟವರೇ. "ಇವತ್ತು ಕುಡಿದಿದ್ದೀರಾ? ಕುಡಿದಿದ್ರೂ ಬನ್ನಿ, ಸುಮ್ನೆ ಕೂತ್ಕೊಳ್ಳಿ" ಅಂದರು. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಸದಸ್ಯರಾಗಲು ಬೇರೆ ಷರತ್ತಿಲ್ಲ. ಫೀಸೂ ಇಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಇಷ್ಟವಿದ್ದರೆ ಹಾಕಬಹುದು.

ಪಟ್ಟಿಯಲ್ಲಿ ಓಪನ್, ಕ್ಲೋಸ್ಡ್ ಅಂತ ಬರೆದಿರುತ್ತದೆ. ನಾನು ಅದನ್ನು ನೋಡದೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಅದು ಕ್ಲೋಸ್ಡ್, ಕುಡಿತದ ತೊಂದರೆ ಇರುವವರಿಗೆ ಮಾತ್ರ. ಅವಳಿಗೆ ಮರ್ಯಾದೆಯಿಂದಲೇ ಹೇಳಿದರು. ಪಾಪ, ಒಂದು ಗಂಟೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮನೆಯವರು, ಸುಮ್ನೆ ನೋಡಲು ಬಂದವರು ಎಲ್ಲರಿಗೂ ಜಾಗ ಇರುವುದು ಓಪನ್ ಮೀಟಿಂಗಿನಲ್ಲಿ.

ಆ ಮೊದಲ ಮೀಟಿಂಗಿನಲ್ಲಿ ಎಲ್ಲರೂ ಇಪ್ಪತ್ತು ವರ್ಷದಿಂದ ಮುಟ್ಟದವರು. ನನಗೆ ಒಂಬತ್ತು ದಿನ. ಬಾಯಿ ಬಿಡಲು ನಾಚಿಕೆಯಾಯಿತು. ಎರಡನೆಯದರಲ್ಲಿ ಓದುವುದೇ ಜಾಸ್ತಿ. ಮೂರನೆಯದು ಆನ್‌ಲೈನ್, ಕ್ಯಾಮೆರಾ ಆಫ್ ಮಾಡಿ ಮಲಗಿಬಿಟ್ಟೆ. ಪ್ರತಿ ಗುಂಪೂ ತನ್ನ ಮೀಟಿಂಗನ್ನು ತನಗೆ ಬೇಕಾದ ಹಾಗೆ ನಡೆಸುತ್ತದೆ, ಹಾಗಾಗಿ ಒಂದಕ್ಕೊಂದು ಇಷ್ಟು ವ್ಯತ್ಯಾಸ ಅಂತ ಆಮೇಲೆ ತಿಳಿಯಿತು. ನಾಲ್ಕನೆಯದರಲ್ಲಿ ಏಳೇ ಜನ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೆಸರು ಹೇಳಿ, ಇವತ್ತು ಕೇಳಿಸಿಕೊಳ್ಳುತ್ತೇನೆ ಅಷ್ಟೇ ಅಂದೆ. ಎಲ್ಲರೂ ತಲೆಯಾಡಿಸಿದರು.

ದೇವರ ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಕುಡಿತ ಬಿಟ್ಟು ಬದುಕಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಅದು ಬರುತ್ತದೆ, 'ನಾವು ಅರ್ಥ ಮಾಡಿಕೊಂಡ ಹಾಗೆ' ಅನ್ನುವ ಮಾತಿನ ಜೊತೆಗೆ. ಅದು ಬೇಡವೇ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಸಂಸ್ಥೆ ಇದೆ, 1994ರಿಂದ ನಡೆಯುತ್ತಿದೆ. ಅಲ್ಲಿ ಯೋಚನೆಯ ಅಭ್ಯಾಸಗಳನ್ನು ಬದಲಾಯಿಸುವ ವಿಧಾನಗಳನ್ನು ಕಲಿಸುತ್ತಾರೆ. ನಾನು ಎಎಯಲ್ಲೇ ಉಳಿದೆ. ಕಾರಣ ದೊಡ್ಡದೇನಲ್ಲ, ಆ ಏಳು ಜನ.

ಅಲ್ಲೂ ಮೊದಲ ಕೆಲವು ವಾರ ಒಂದು ತಪ್ಪು ಮಾಡಿದೆ. ಬಾಗಿಲ ಪಕ್ಕದ ಕುರ್ಚಿ ಹಿಡಿಯುವುದು, ಮುಗಿದ ಕೂಡಲೇ ಜಾಗ ಖಾಲಿ ಮಾಡುವುದು. ಒಂದು ಸಂಜೆ ವಯಸ್ಸಾದವರೊಬ್ಬರು, "ಸ್ವಲ್ಪ ಕುರ್ಚಿ ಮಡಚೋಕೆ ಕೈ ಹಾಕ್ತೀರಾ?" ಅಂದರು. ಕಬ್ಬಿಣದ ಮಡಚುವ ಕುರ್ಚಿಗಳು. ಒಂದರ ಕೀಲು ತುಕ್ಕು ಹಿಡಿದು ಬೆರಳು ಕಚ್ಚುತ್ತಿತ್ತು, ಅದನ್ನು ಕಾಲಲ್ಲಿ ಒತ್ತಿ ಮಡಚಬೇಕು. ಆ ಹತ್ತು ನಿಮಿಷದಲ್ಲಿ ನಾನು ಮೀಟಿಂಗಿನಲ್ಲಿ ಹೇಳದ್ದನ್ನೆಲ್ಲ ಹೇಳಿದೆ. ಸಂಬಳದ ದಿನ ಹೆದರಿಕೆಯಾಗುತ್ತದೆ ಅಂದೆ. ಅವರು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. "ಕುಡಿದ ಮೇಲಲ್ಲ, ಕುಡಿಯೋ ಮುಂಚೆ ಮಾಡಿ."

ಎಎ ಶುರುವಾಗಿದ್ದೂ ಹೀಗೊಂದು ಫೋನಿನಿಂದಲೇ. 1935ರ ಮೇ ತಿಂಗಳು. ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಸುಮಾರು ಐದು ತಿಂಗಳಾಗಿತ್ತು. ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆ ಹೋಗಿದ್ದವನು, ಅದು ಕೆಟ್ಟು ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಅವನು ಫೋನ್ ಮಾಡುತ್ತಾ ಹೋದ. ಕೊನೆಗೆ ಸಿಕ್ಕಿದ್ದು ತಾನು ಹಿಂದೆ ಕುಡಿಯುತ್ತಿದ್ದಂತೆಯೇ ಕುಡಿಯುತ್ತಿದ್ದ ಸರ್ಜನ್ ಬಾಬ್ ಸ್ಮಿತ್. ಬಾಬ್ ಕೊನೆಯ ಸಲ ಕುಡಿದಿದ್ದು ಜೂನ್ 10 ಅನ್ನುತ್ತಾರೆ. ಎಎ ಹುಟ್ಟಿದ ದಿನ ಅಂತ ಲೆಕ್ಕ ಇಟ್ಟಿರುವುದೂ ಅದನ್ನೇ.

ನನ್ನ ಮೊದಲ ಫೋನ್ ಇಷ್ಟು ದೊಡ್ಡ ಕತೆಯಲ್ಲ. ಸಂಬಳದ ದಿನ, ಸಂಜೆ ಆರೂವರೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. "ಕುರ್ಚಿ ಮಡಚಿದವನು" ಅಂದೆ. ಅವರು ನಕ್ಕು, ಎಲ್ಲಿದ್ದೀರಿ, ಊಟ ಆಯ್ತಾ ಅಂತ ಕೇಳಿದರು. ನಲವತ್ತು ನಿಮಿಷ ಮಾತಾಡಿದೆವು, ಬಹುಪಾಲು ಅವರ ಮಂಡಿನೋವಿನ ಬಗ್ಗೆ. ಅಷ್ಟರಲ್ಲಿ ಕುಡಿಯುವ ಆಸೆ ಇಳಿದಿತ್ತು. ಆಮೇಲೆ ಅವರೇ ನನ್ನ ಸ್ಪಾನ್ಸರ್ ಆದರು, ಅಂದರೆ ಹನ್ನೆರಡು ಹೆಜ್ಜೆಗಳನ್ನು ಜೊತೆಗೆ ಕೂತು ಮಾಡಿಸುವವರು.

ನಡುವೆ ಒಂದು ಸಲ ಜಾರಿದೆ. ಫೋನ್ ಮಾಡಲಿಲ್ಲ, ಅದೇ. ಮರುವಾರ ಹೋಗಿ ಮತ್ತೆ ಒಂದನೇ ದಿನ ಅಂದಾಗ ಯಾರೂ ಮುಖ ಸಿಂಡರಿಸಲಿಲ್ಲ.

ಹೆಂಡತಿ ಈಗ ಅಲ್-ಅನಾನ್‌ಗೆ ಹೋಗುತ್ತಾಳೆ, ಕುಡಿಯುವವರ ಮನೆಯವರಿಗೆ ಅಂತ ಇರುವ ಬೇರೆಯದೇ ಗುಂಪು. ಗುರುವಾರ ಅವಳದು, ಶುಕ್ರವಾರ ನನ್ನದು. ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಾಳೋ ಕೇಳಿಲ್ಲ, ಕೇಳುವ ಹಾಗೂ ಇಲ್ಲ. ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ ಮಾತಾಡುತ್ತಾಳೆ.