ಬಕನ ಬಂಡಿಗೆ ಇವತ್ತು ಯಾರ ಸರದಿ?

ಬಕಾಸುರನ ಕಥೆಯನ್ನು ನಾವೆಲ್ಲ ಭೀಮನ ಕಥೆಯೆಂದೇ ಕೇಳಿ ಬೆಳೆದವರು. ಬಂಡಿ ತುಂಬ ಅನ್ನ, ರಾಕ್ಷಸನ ಎದುರಿಗೇ ಕುಳಿತು ಅದನ್ನು ಉಣ್ಣುವ ಭೀಮ, ಬೆನ್ನ ಮೇಲೆ ಬೀಳುವ ಗುದ್ದುಗಳು. ಯಕ್ಷಗಾನವಾದರೆ ಬಣ್ಣದ ವೇಷದ ಅಬ್ಬರ. ಆದರೆ ಆದಿಪರ್ವದಲ್ಲಿ ಕುಂತಿ ಮಕ್ಕಳೊಂದಿಗೆ ಉಳಿದುಕೊಂಡ ಮನೆಯ ಬ್ರಾಹ್ಮಣ ಹೇಳುವ ಒಂದು ಮಾತು ನನ್ನ ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಸೇರಿ ಬಹಳ ವರ್ಷಗಳಾದ ಮೇಲೆ. ಬಕ ಏಕಚಕ್ರ ನಗರವನ್ನು ಹೊರಗಿನ ಶತ್ರುಗಳಿಂದ ಕಾಯುತ್ತಿದ್ದನಂತೆ. ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಬರುವ ಒಬ್ಬ ಮನುಷ್ಯ: ಇದು ಆ ಕಾವಲಿಗೆ ನಿಗದಿಯಾದ ಸಂಬಳ. ಕಾಯಬೇಕಾಗಿದ್ದ ಅರಸ ಕೈಲಾಗದವನು. ಆದ್ದರಿಂದ ಊರು ಸರದಿ ಗೊತ್ತುಮಾಡಿಕೊಂಡಿತು. ಒಂದು ಮನೆಗೆ ಸರದಿ ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಉಳಿದ ದಿನಗಳಲ್ಲಿ ಆ ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು.

ಅದನ್ನು ಓದಿದಾಗ ನನಗೆ ನಮ್ಮ ಶಾಪ್‌ ಫ್ಲೋರ್ ಕಾಣಿಸಿತು.

ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಗುಣಮಟ್ಟ ವಿಭಾಗದ ಇನ್‌ಚಾರ್ಜ್. ವಾಹನಗಳಿಗೆ ಬೇಕಾದ ಬುಷ್, ಪಿನ್, ಸಣ್ಣ ಶಾಫ್ಟ್‌ಗಳನ್ನು ತಯಾರಿಸಿ ಕೊಡುವುದು ನಮ್ಮ ಕೆಲಸ. ಸಿಎನ್‌ಸಿ ಎಂಬ ಕಂಪ್ಯೂಟರ್ ನಡೆಸುವ ಯಂತ್ರಗಳ ಜೊತೆಗೆ, ಲೋಹ ಕಡೆಯುವ ಹಳೆಯ ಟ್ರಾಬ್ ಯಂತ್ರಗಳ ಒಂದು ಸಾಲೂ ಇದೆ. ಟ್ರಾಬ್‌ಗೆ ಕಂಪ್ಯೂಟರ್ ಪ್ರೋಗ್ರಾಂ ಇಲ್ಲ. ಟೂಲ್ ಯಾವಾಗ, ಎಷ್ಟು ಮುಂದೆ ಬರಬೇಕೆಂಬುದನ್ನು ಕ್ಯಾಮ್ ಎಂಬ ಲೋಹದ ಬಿಲ್ಲೆಯ ಅಂಚಿನ ಏರಿಳಿತ ತೀರ್ಮಾನಿಸುತ್ತದೆ. ಬೇರೆ ಭಾಗಕ್ಕೆ ಬೇರೆ ಕ್ಯಾಮ್, ಬೇರೆ ಸೆಟ್ಟಿಂಗ್. ಈ ವಿದ್ಯೆ ಕೈಗೆ ಹತ್ತಲು ವರ್ಷಗಳು ಬೇಕು. ನಮ್ಮಲ್ಲಿ ಅದನ್ನು ಪೂರ್ತಿ ಬಲ್ಲವರು ಒಬ್ಬರೇ, ಒಬ್ಬ ಹಿರಿಯ ಸೆಟ್ಟರ್.

ಅವರ ಕೈಗುಣದ ಬಗ್ಗೆ ನನಗೆ ಈಗಲೂ ಗೌರವವಿದೆ. ಯಂತ್ರದ ಸದ್ದು ಕೇಳಿಯೇ ಟೂಲ್ ಸವೆದಿದೆ ಎನ್ನುತ್ತಾರೆ, ನಾನು ಮೈಕ್ರೋಮೀಟರ್ ಹಿಡಿದು ನೋಡಿದರೆ ಅದು ನಿಜವಾಗಿರುತ್ತದೆ. ಆದರೆ ಅವರ ಕೈಕೆಳಗೆ ಹಾಕಿದ ಯಾವ ಹುಡುಗನೂ ಉಳಿಯುತ್ತಿರಲಿಲ್ಲ. ತುಮಕೂರು, ಶಿರಾ, ಹಾಸನದ ಕಡೆಯಿಂದ ಐಟಿಐ ಮುಗಿಸಿ ಬಂದ ಮಕ್ಕಳು. ಎಲ್ಲರೆದುರು ಅಪ್ಪ ಅಮ್ಮನನ್ನು ಎತ್ತಿ ಬೈಸಿಕೊಂಡು, ಕೆಲವರು ಬಾಕಿ ಸಂಬಳವನ್ನೂ ಕೇಳದೆ ಊರಿಗೆ ಹೊರಟುಹೋಗುತ್ತಿದ್ದರು. ಒಬ್ಬ ಹೋದರೆ ಇನ್ನೊಬ್ಬನನ್ನು ಕಳುಹಿಸುವುದು ನಡೆದೇ ಇತ್ತು. ಕೇಳಿದರೆ ಮೇಲಿನವರ ಉತ್ತರ ಒಂದೇ: ‘ಅವರಿಲ್ಲದಿದ್ದರೆ ಲೈನ್ ನಿಂತುಹೋಗುತ್ತದೆ, ಹುಡುಗರು ಸ್ವಲ್ಪ ಸಹಿಸಿಕೊಳ್ಳಲಿ.’ ಏಕಚಕ್ರದ ಜನ ಆಡುತ್ತಿದ್ದ ಮಾತೂ ಇದೇ ಇರಬೇಕು.

ರಾಕ್ಷಸರ ಕಥೆಗಳನ್ನು ನಾನು ಕೆಲಸಕ್ಕೆ ಬಳಸಿಕೊಳ್ಳಲು ಆರಂಭಿಸಿದ್ದು ಇಲ್ಲಿಂದ. ಯಾವ ಕಥೆಯಲ್ಲೂ ರಾಕ್ಷಸ ಸುಮ್ಮನೆ ರಾಕ್ಷಸನಾಗಿರುವುದಿಲ್ಲ. ಅವನ ಹಿಂದೆ ಒಂದು ಕಟ್ಟಳೆ ಇರುತ್ತದೆ: ಒಂದು ವರ, ಒಂದು ಒಪ್ಪಂದ, ಯಾರೋ ತೆರೆದುಕೊಟ್ಟ ಬಾಗಿಲು. ಕಥೆ ತಿರುಗುವುದು ಆ ಕಟ್ಟಳೆಯ ಮೇಲೆ. ಆದ್ದರಿಂದ ಕಷ್ಟದ ಸಹೋದ್ಯೋಗಿ ಎದುರಾದಾಗ ಅವರ ಸ್ವಭಾವ ಎಂಥದ್ದು ಎಂದು ಚರ್ಚಿಸುವುದನ್ನು ಬಿಟ್ಟು, ಇದು ಯಾವ ಕಟ್ಟಳೆಯ ಮೇಲೆ ನಡೆಯುತ್ತಿದೆ, ಅದನ್ನು ಬರೆದವರು ಯಾರು ಎಂದು ಹುಡುಕುತ್ತೇನೆ. ಯಾರನ್ನೂ ರಾಕ್ಷಸ ಎಂದು ಕರೆಯಲು ಈ ಕಥೆಗಳನ್ನು ಬಳಸಬಾರದು. ಕಾರ್ಖಾನೆಯಲ್ಲಿ ಒಂದು ಅಡ್ಡಹೆಸರು ಅಂಟಿಕೊಂಡರೆ ಆ ಮನುಷ್ಯ ನಿವೃತ್ತಿಯಾದರೂ ಅದು ಹೋಗುವುದಿಲ್ಲ.

ಸೆಟ್ಟರ್ ವಿಷಯದಲ್ಲಿ ನಾನು ಮೊದಲು ಹಾಜರಿ ಪುಸ್ತಕ ತೆಗೆದುಕೊಂಡು ಕುಳಿತೆ. ಬಿಟ್ಟುಹೋದ ಹುಡುಗರು ಯಾರ ಕೈಕೆಳಗಿದ್ದರು ಎಂದು ಪಟ್ಟಿ ಮಾಡಿದೆ. ಅದರ ಪಕ್ಕದಲ್ಲಿ ಅದೇ ವಾರಗಳ ಸ್ಕ್ರ್ಯಾಪ್ ಲೆಕ್ಕ ಬರೆದೆ, ಏಕೆಂದರೆ ಹೊಸ ಕೈ ಬಂದಾಗಲೆಲ್ಲ ರಿಜೆಕ್ಷನ್ ಏರುತ್ತದೆ. ಮಾಲೀಕರ ಮುಂದೆ ಆ ಕಾಗದವನ್ನಿಟ್ಟು, ‘ಸರ್, ನಾವು ಕೊಡುತ್ತಿರುವ ಸಂಬಳ ಇದು’ ಎಂದೆ. ಸರದಿ ಬಾಯಿಮಾತಿನಲ್ಲಿ ಇರುವವರೆಗೆ ಅದು ಯಾರ ಹೊಣೆಯೂ ಆಗಿರಲಿಲ್ಲ. ಕಾಗದದ ಮೇಲೆ ಬಂದಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಎರಡು ಬದಲಾವಣೆಗಳಿಗೆ ಒಪ್ಪಿಗೆ ಸಿಕ್ಕಿತು. ಹೊಸ ಹುಡುಗನನ್ನು ಸೆಟ್ಟರ್ ಬಳಿ ಒಂಟಿಯಾಗಿ ಕಳುಹಿಸುವುದು ನಿಂತಿತು. ಮತ್ತೆ, ಅವರು ಟ್ರಾಬ್ ಸೆಟ್ ಮಾಡುವಾಗಲೆಲ್ಲ ಅನುಭವವಿರುವ ಒಬ್ಬ ಆಪರೇಟರ್ ಪಕ್ಕದಲ್ಲಿ ನಿಂತು ಸೆಟ್ಟಿಂಗ್ ಶೀಟ್ ಬರೆಯಬೇಕು: ಕ್ಯಾಮ್ ನಂಬರ್, ಸ್ಪಿಂಡಲ್ ವೇಗ, ಟೂಲ್‌ಗಳ ಕ್ರಮ, ಸ್ಟಾಪರ್ ಎಲ್ಲಿ ನಿಲ್ಲಬೇಕು, ಮೊದಲ ತುಣುಕಿನ ಅಳತೆ. ಒಂದು ಪ್ರತಿ ನನ್ನ ವಿಭಾಗಕ್ಕೆ.

ಅವರು ನೇರವಾಗಿ ನನ್ನ ಮೇಜಿಗೆ ಬಂದರು. ‘ನನ್ನ ಅನ್ನ ಕಿತ್ತುಕೊಳ್ಳುತ್ತಿದ್ದೀರಿ, ಮೇಡಂ’ ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ತನಗಲ್ಲದೆ ಇನ್ನಾರಿಗೂ ಬಾರದು ಎಂಬುದೇ ಅವರ ಕೆಲಸದ ಭದ್ರತೆ. ವಯಸ್ಸಾಗುತ್ತಿದೆ, ಮನೆಯಲ್ಲಿ ಸಾಲವಿದೆ. ಆ ಭಯವನ್ನು ಹಾಗೇ ಬಿಟ್ಟು ಶೀಟ್ ಬರೆಸಿದರೆ ಅವರು ತಪ್ಪು ಅಂಕಿ ಬರೆಸುವ ಸಾಧ್ಯತೆಯೂ ಇತ್ತು. ಆದ್ದರಿಂದ ಕಲಿಸುವ ಕೆಲಸವನ್ನು ಅವರ ಹುದ್ದೆಯೊಳಗೇ ಸೇರಿಸಿ, ಅದಕ್ಕೆ ಪ್ರತ್ಯೇಕ ಭತ್ಯೆ ಕೊಡುವಂತೆ ಮಾಲೀಕರನ್ನು ಒಪ್ಪಿಸಿದೆ. ಮೂಲ ಕಥೆಯಲ್ಲಿ ಜನ ಮರೆತುಬಿಡುವ ಭಾಗವೊಂದಿದೆ: ಬಕ ಸತ್ತ ಮೇಲೆ ಭೀಮ ಅವನ ಬಂಧುಗಳನ್ನು ಕೊಲ್ಲುವುದಿಲ್ಲ. ಇನ್ನು ಮನುಷ್ಯರ ತಂಟೆಗೆ ಬರಬಾರದು ಎಂದು ಮಾತು ತೆಗೆದುಕೊಂಡು ಬಿಡುತ್ತಾನೆ. ನಮಗೆ ಬೇಕಾಗಿದ್ದೂ ಅಂಥ ಒಂದು ಮಾತು. ಅವರ ಬಾಯಿ ಇಂದಿಗೂ ಮೆತ್ತಗಾಗಿಲ್ಲ. ಆದರೆ ಸೆಟ್ಟಿಂಗ್ ಬಲ್ಲವರು ಈಗ ಮೂವರಿದ್ದಾರೆ, ಬೈದರೆ ಹುಡುಗ ಎದ್ದು ಬಂದು ಇನ್ನೊಬ್ಬರ ಪಕ್ಕ ನಿಲ್ಲಬಹುದು.

ರಕ್ತಬೀಜಾಸುರನ ಪಾಠ ಇದಕ್ಕಿಂತ ಸರಳ. ನೆಲಕ್ಕೆ ಬಿದ್ದ ಪ್ರತಿ ಹನಿಯಿಂದ ಅವನಷ್ಟೇ ಬಲದ ಇನ್ನೊಬ್ಬ ಹುಟ್ಟುತ್ತಾನೆ. ಕಾಳಿ ನಾಲಿಗೆ ಚಾಚಿ ಹನಿ ನೆಲ ಮುಟ್ಟದಂತೆ ಮಾಡಿದ ಮೇಲೆಯೇ ಅವನ ಸಾವು. ಉತ್ಪಾದನಾ ವಿಭಾಗದ ಸಹೋದ್ಯೋಗಿಯೊಬ್ಬರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಪ್ರತಿ ಉತ್ತರದಿಂದಲೂ ಹೊಸ ಜಗಳ ತೆಗೆಯುತ್ತಿದ್ದರು. ನಾನು ಗುಂಪಿನಲ್ಲಿ ಉತ್ತರಿಸುವುದನ್ನು ಬಿಟ್ಟೆ. ರಿಜೆಕ್ಟ್ ಆದ ತುಣುಕನ್ನೂ ರಂಧ್ರದ ಅಳತೆ ನೋಡುವ ಪ್ಲಗ್ ಗೇಜನ್ನೂ ಹಿಡಿದು ಅವರ ಯಂತ್ರದ ಬಳಿಗೇ ಹೋದೆ. ಗೇಜ್ ಕೈಗೆ ಕೊಟ್ಟರೆ ಮಾತು ತಾನಾಗಿಯೇ ಬುಷ್‌ನ ರಂಧ್ರದ ಅಳತೆಗೆ ಇಳಿಯುತ್ತದೆ.

ಬೆಂಗಳೂರಿನದೇ ಒಂದು ದೆವ್ವವೂ ಇದೆ. 1990ರ ದಶಕದಲ್ಲಿ ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಸಿಡುಕಿನಲ್ಲಿ ಬಂದವರಿಗೆ ‘ನಾಳೆ ಬೆಳಿಗ್ಗೆ ಮಾತನಾಡೋಣ’ ಎನ್ನುವುದು ಎಷ್ಟೋ ಸಲ ಫಲ ಕೊಟ್ಟಿದೆ. ಶಿಫ್ಟ್ ಮುಗಿಯುವ ಹೊತ್ತಿನ ಕೋಪ ಹಸಿವು, ದಣಿವಿನದ್ದೇ ಹೆಚ್ಚು. ಆದರೆ ಹುಡುಗರು ಬಿಟ್ಟುಹೋಗುವಂಥ ಸಮಸ್ಯೆಗೆ ಅದೇ ಬರಹ ಹಾಕಿದರೆ ಅದು ದಿನಾ ಬಂದು ಓದಿಕೊಂಡು ಹೋಗುತ್ತದೆ.

ಹೇಳಿದ್ದನ್ನು ಹೇಳಿಲ್ಲ ಎನ್ನುವವರ ಎದುರು ನನಗೆ ನೆರವಾದದ್ದು 1897ರಲ್ಲಿ ಬಂದ ‘ಡ್ರಾಕುಲಾ’. ಬ್ರಾಮ್ ಸ್ಟೋಕರ್‌ನ ಈ ಕಾದಂಬರಿಯಲ್ಲಿ ಬೆಳ್ಳುಳ್ಳಿ, ಶಿಲುಬೆ ಎಲ್ಲರಿಗೂ ನೆನಪಿರುತ್ತವೆ. ನನಗೆ ನೆನಪಿರುವುದು ಮೀನಾ ಹಾರ್ಕರ್. ಒಬ್ಬೊಬ್ಬರ ಬಳಿ ಒಂದೊಂದು ಚೂರು ಮಾಹಿತಿ ಇರುತ್ತದೆ. ಯಾರಿಗೂ ಪೂರ್ತಿ ಚಿತ್ರ ಕಾಣುವುದಿಲ್ಲ. ಮೀನಾ ಎಲ್ಲರ ದಿನಚರಿ, ಪತ್ರ, ಧ್ವನಿಮುದ್ರಿಕೆಗಳನ್ನು ಟೈಪ್ ಮಾಡಿ ದಿನಾಂಕದ ಪ್ರಕಾರ ಜೋಡಿಸುತ್ತಾಳೆ. ಡ್ರಾಕುಲಾ ಆ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾನೆ, ಆದರೆ ಇನ್ನೊಂದು ಪ್ರತಿ ತಿಜೋರಿಯಲ್ಲಿರುತ್ತದೆ. ನಮ್ಮಲ್ಲಿ ಮೇಲಧಿಕಾರಿಯೊಬ್ಬರು ಸಣ್ಣ ವ್ಯತ್ಯಾಸವಿರುವ ಮಾಲನ್ನು ಬಾಯಿಮಾತಿನಲ್ಲಿ ಪಾಸ್ ಮಾಡಿಸಿ, ಗ್ರಾಹಕರು ವಾಪಸ್ ಕಳುಹಿಸಿದಾಗ ‘ಕ್ಯೂಸಿ ನೋಡಲಿಲ್ಲ’ ಎಂದು ನಮ್ಮ ಗುಣಮಟ್ಟ ವಿಭಾಗದ ಮೇಲೆ ಹಾಕುತ್ತಿದ್ದರು. ಈಗ ಅಂಥ ಮಾತು ಬಂದರೆ ಅವರೆದುರೇ ದಿನಾಂಕ, ಬ್ಯಾಚ್ ನಂಬರ್, ಯಾರು ಹೇಳಿದರು ಎಂದು ಲಾಗ್ ಪುಸ್ತಕದಲ್ಲಿ ಬರೆದು, ಸಂಜೆಯೊಳಗೆ ಒಂದು ಮೇಲ್ ಕಳುಹಿಸುತ್ತೇನೆ: ‘ನೀವು ಹೇಳಿದಂತೆ ಈ ಬ್ಯಾಚ್ ಕಳುಹಿಸಲಾಗಿದೆ.’ ಆರೋಪದ ಒಂದು ಪದವೂ ಅದರಲ್ಲಿರಬಾರದು. ಬೇರೆ ವಿಭಾಗದವರೂ ತಮ್ಮ ತಮ್ಮ ಪುಸ್ತಕ ತಂದು ಜೋಡಿಸಿದರೆ ಬಲ ಹೆಚ್ಚು. ಆ ಅಧಿಕಾರಿ ಬಾಯಿಮಾತಿನಲ್ಲಿ ಪಾಸ್ ಮಾಡಿಸುವುದನ್ನು ನಿಲ್ಲಿಸಿದ್ದಾರೆ.

ಕೆಲವು ಸಂದರ್ಭಗಳಲ್ಲಿ ಕಥೆಯನ್ನು ಬದಿಗಿಡಬೇಕು. ಮೈಮುಟ್ಟುವುದು, ಅಶ್ಲೀಲ ಮಾತು, ಬೇಡಿಕೆ, ಇವುಗಳ ಹಿಂದಿನ ಕಟ್ಟಳೆಯನ್ನು ಹುಡುಕುತ್ತಾ ಕೂರುವ ಅಗತ್ಯ ಯಾವ ಹೆಣ್ಣುಮಗಳಿಗೂ ಇಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪೀಣ್ಯದ ಸಣ್ಣ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ, ಅವರು ಕೆಲಸಕ್ಕೆ ಸೇರಿದ ದಿನವೇ ನಾನು ಇದನ್ನು ಹೇಳುತ್ತೇನೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಒಬ್ಬ ಯುವ ಎಂಜಿನಿಯರ್. ಸಿಎಂಎಂ ಎಂಬ ಅಳತೆಯ ಯಂತ್ರ ಬರುತ್ತದೆ, ಅದರ ಹೊಣೆ ನಿನ್ನದೇ ಎಂದು ಹೇಳಿ ಅವನನ್ನು ಸೇರಿಸಿಕೊಂಡಿದ್ದರು. ಯಂತ್ರದ ಖರೀದಿ ಮುಂದಕ್ಕೆ ಹೋಯಿತು. ಸೇರಿಸಿಕೊಂಡ ಮ್ಯಾನೇಜರ್ ಅವನ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಮೂಲೆಯ ಮೇಜಿನಲ್ಲಿ ಕುಳಿತು ಅವನು ಎಲ್ಲರ ವರದಿಗಳಲ್ಲೂ ತಪ್ಪು ಹುಡುಕತೊಡಗಿದ. ಅವನು ಹಿಡಿದ ತಪ್ಪುಗಳು ನಿಜವೇ, ಹೇಳುವ ರೀತಿ ಮಾತ್ರ ವಿಷ. ಊಟಕ್ಕೆ ಅವನನ್ನು ಯಾರೂ ಕರೆಯದಂತಾಯಿತು.

ಭಸ್ಮಾಸುರನಿಗೆ ವರ ಕೊಟ್ಟ ಶಿವ ಓಡಬೇಕಾದದ್ದು ಪ್ರಾಣಭಯದಿಂದ. 1818ರಲ್ಲಿ ಬಂದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್‌’ನಲ್ಲಿ ವಿಕ್ಟರ್ ಓಡುವುದು ಬರೀ ಅಸಹ್ಯದಿಂದ. ತಾನೇ ಮಾಡಿದ ಜೀವಿ ಕಣ್ಣು ಬಿಟ್ಟ ರಾತ್ರಿಯೇ ಅವನು ಅದನ್ನು ಬಿಟ್ಟುಹೋಗುತ್ತಾನೆ. ಒಂದು ಹೆಸರನ್ನೂ ಇಡುವುದಿಲ್ಲ. ಆ ಜೀವಿ ಒಂದು ಬಡ ಕುಟುಂಬದ ಗೋಡೆಯಾಚೆ ಅಡಗಿ ಕುಳಿತು ಮಾತು ಕಲಿಯುತ್ತದೆ, ಗುಟ್ಟಾಗಿ ಅವರಿಗೆ ಸೌದೆ ತಂದಿಡುತ್ತದೆ. ಅದರ ಜೊತೆ ಸಮಾಧಾನದಿಂದ ಮಾತನಾಡುವವನು ಆ ಮನೆಯ ಕುರುಡು ಮುದುಕ ಒಬ್ಬನೇ. ಮಗ ಬಂದು ನೋಡಿದ ಕ್ಷಣ ಹೊಡೆದು ಓಡಿಸುತ್ತಾನೆ. ಮುಂದೆ ಅದು ಮಾಡುವ ಕೊಲೆಗಳನ್ನು ನಾನು ಮನ್ನಿಸಲಾರೆ, ಆದರೆ ಮೊದಲ ತಪ್ಪು ಯಾರದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಯುವ ಎಂಜಿನಿಯರನ್ನು ಕರೆದು, ‘ಈ ವರದಿಗಳನ್ನು ನೀನೇ ಬರೆಯುವುದಾದರೆ ಹೇಗೆ ಬರೆಯುತ್ತೀಯಪ್ಪ?’ ಎಂದು ಕೇಳಿದೆ. ಬಹಳ ಹೊತ್ತು ಹೇಳಿದ. ನಾನು ಅವನ ಧಾಟಿಯನ್ನು ಬಿಟ್ಟು ವಿಷಯವನ್ನಷ್ಟೇ ಬರೆದುಕೊಂಡೆ. ಗೇಜ್‌ಗಳ ಕ್ಯಾಲಿಬ್ರೇಷನ್, ಅಂದರೆ ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವ ಕೆಲಸ, ಪೂರ್ತಿಯಾಗಿ ಅವನ ಹೆಸರಿಗೆ ಬಂತು. ಪ್ರತಿ ಗೇಜ್‌ನ ಕಾರ್ಡ್ ಮೇಲೆ ಅವನ ಸಹಿ ಇರುತ್ತದೆ. ತಪ್ಪು ಹುಡುಕುವ ಆ ಕಣ್ಣಿಗೆ ಅದು ತಕ್ಕ ಕೆಲಸ. ಅವನು ಸವೆದ ಗೇಜ್‌ಗಳನ್ನು ಪಕ್ಕಕ್ಕಿಟ್ಟ ಮೇಲೆ ಎರಡು ಶಿಫ್ಟ್‌ಗಳ ಅಳತೆಗಳಲ್ಲಿ ಬರುತ್ತಿದ್ದ ವ್ಯತ್ಯಾಸವೂ ತಗ್ಗಿತು.

ಸಭೆಗಳಲ್ಲಿ ಅವನು ಈಗಲೂ ಮಾತಿಗೆ ಅಡ್ಡ ಬಾಯಿ ಹಾಕುತ್ತಾನೆ, ಕೆಲವರು ಅವನ ಪಕ್ಕ ಕೂರುವುದಿಲ್ಲ. ಸೇರಿಸಿಕೊಂಡ ಮ್ಯಾನೇಜರ್ ಅವನನ್ನು ಕೂರಿಸಿಕೊಂಡು, ಯಂತ್ರ ಏಕೆ ಬರಲಿಲ್ಲ ಎಂದು ಒಮ್ಮೆ ಹೇಳಬೇಕೆಂದು ನಾನು ಕೇಳುತ್ತಲೇ ಇದ್ದೇನೆ. ಆ ಮಾತುಕತೆ ಇನ್ನೂ ನಡೆದಿಲ್ಲ. ಅವರ ಬದಲು ಅದನ್ನು ನಾನು ಆಡಿದರೆ ಪ್ರಯೋಜನವಿಲ್ಲ.