ಕೊಂಬಿ ವ್ಯಾನಿಗೆ ಮರುಜೀವ: ತುಕ್ಕು ಮೊದಲು, ಬಣ್ಣ ಕೊನೆಗೆ

ಫೋಕ್ಸ್‌ವ್ಯಾಗನ್ ಟೈಪ್ 2 ('ಕೊಂಬಿ') ವ್ಯಾನಿನ ಎರಡನೇ ಪೀಳಿಗೆ, ಅಂದರೆ ಮುಂದೆ ಒಂದೇ ದೊಡ್ಡ ಬಾಗಿದ ಗಾಜಿರುವ 'ಬೇ ವಿಂಡೋ', ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾಯಿತು. ಇದಕ್ಕೇ ವೆಸ್ಟ್‌ಫಾಲಿಯಾ ಕಂಪನಿಯವರು ಮಂಚ, ಒಲೆ, ಎತ್ತುವ ಚಾವಣಿ ಕೂರಿಸಿ ಕ್ಯಾಂಪರ್ ಮಾಡುತ್ತಿದ್ದರು. ಬ್ರೆಜಿಲ್‌ನಲ್ಲಿ ಈ ವ್ಯಾನು 2013ರವರೆಗೂ ತಯಾರಾಗುತ್ತಿದ್ದುದರಿಂದ ಬಿಡಿಭಾಗಕ್ಕೆ ಅಷ್ಟೇನೂ ಬರವಿಲ್ಲ. ಬ್ರಿಟನ್ನಿನಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರು ಮನೆಯ ಗರಾಜಿನಲ್ಲೇ ಇದನ್ನು ರಿಪೇರಿ ಮಾಡಿಕೊಳ್ಳಬಹುದು. ಬುಲೆಟ್ ಬೈಕಿನ ಟ್ಯಾಪೆಟ್ ಸೆಟ್ ಮಾಡಿ ಕೈ ಪಳಗಿದವರಿಗೆ ಇಂಜಿನ್ ಹೊಸದೆನಿಸುವುದಿಲ್ಲ. ಕಷ್ಟ ಕೊಡುವುದು ಬಾಡಿ.

ಈ ವ್ಯಾನನ್ನು ಕೊಲ್ಲುವುದು ಎರಡೇ: ಒಳಗೆ ಬಂದು ನಿಂತುಬಿಡುವ ನೀರು, ಇಂಜಿನ್ನಿಗೆ ಬರಬೇಕಾಗಿಯೂ ಬರದ ಗಾಳಿ. ಇವೆರಡನ್ನು ಸರಿಮಾಡದೆ ಹೊಸ ಪೇಂಟ್, ಹೊಸ ಸೀಟ್ ಕವರ್ ಅಂತ ಹೊರಟರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಕೊಳ್ಳುವ ಮುಂಚೆ

ಒಂದು ಸ್ಕ್ರೂಡ್ರೈವರ್, ತೆಳ್ಳನೆ ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚ್ ಸಾಕು. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈ ಅಗಲಕ್ಕೊಮ್ಮೆ ಬಡಿಯುತ್ತ ಹೋಗಿ. ಗಟ್ಟಿ ತಗಡು 'ಠಣ್' ಅನ್ನುತ್ತದೆ. ಪುಟ್ಟಿ ತುಂಬಿದ್ದರೆ 'ಡಬ್' ಅನ್ನುತ್ತದೆ, ಅಯಸ್ಕಾಂತವೂ ಅಲ್ಲಿ ಹಿಡಿಯುವುದಿಲ್ಲ. ಸಿಲ್ ಆದ ಮೇಲೆ ಮುಂದಿನ ಚಕ್ರದ ಕಮಾನು, ಚಾಲಕ ಕಾಲಿಟ್ಟು ಹತ್ತುವ ಮೆಟ್ಟಿಲು, ಜಾಕ್ ಕೊಡುವ ಜಾಗ, ಇಂಜಿನ್ ಕೋಣೆಯ ಬ್ಯಾಟರಿ ತಟ್ಟೆ, ಹಿಂದಿನ ಕೆಳಮೂಲೆಗಳು, ಮುಂದಿನ ಗಾಜಿನ ಕೆಳಗಿನ ಎರಡು ಮೂಲೆ ನೋಡಿ. ವ್ಯಾನಿನ ಕೆಳಗೆ ನುಸುಳಿ ಉದ್ದದ ಚಾಸಿ ಹಳಿಗಳನ್ನು ಚುಚ್ಚಿ ನೋಡದೆ ಬೆಲೆಯ ಮಾತೆತ್ತಬೇಡಿ. ಮೇಲೆ ಮಿರಮಿರ ಮಿಂಚುತ್ತಿದ್ದು ಕೆಳಗೆಲ್ಲ ದಪ್ಪ ಟಾರು ಬಳಿದಿದ್ದರೆ ಅದರ ಅಡಿಯಲ್ಲಿ ಏನೋ ಮುಚ್ಚಿಟ್ಟಿದ್ದಾರೆಂದೇ ತಿಳಿಯಿರಿ.

ಇಂಜಿನ್ನಿಗೆ ಒಂದೇ ಪರೀಕ್ಷೆ. ಆಫ್ ಮಾಡಿ, ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ಒಳಕ್ಕೆ ನೂಕಿ. 'ಟಕ್ ಟಕ್' ಎಂದು ಅಲ್ಲಾಡಿದರೆ ಕ್ರ್ಯಾಂಕಿನ ಬೇರಿಂಗ್ ಸವೆದಿದೆ. ಡಯಲ್ ಗೇಜ್ ಇಟ್ಟು ಅಳೆದರೆ ಈ ಆಟ 0.07ರಿಂದ 0.13 ಮಿ.ಮೀ. ಒಳಗಿರಬೇಕು, 0.15 ದಾಟಿತೆಂದರೆ ಇಂಜಿನ್ ಪೂರ್ತಿ ಬಿಚ್ಚುವ ಕೆಲಸವಿದೆ, ಬೆಲೆಯಲ್ಲಿ ಅದನ್ನು ಕಳೆಯಿರಿ.

ಸಿಲ್: ಅವಸರ ಬೇಡ

ಹೆಚ್ಚಿನವರು ಎಡವುವುದು ಇಲ್ಲೇ. ಹೊರಗೆ ಕಾಣುವ ಸಿಲ್ ಬರೀ ಮುಖ. ಅದರ ಹಿಂದೆ ನಡುವಿನ ತಗಡು, ಅದರ ಹಿಂದೆ ಒಳ ಸಿಲ್, ಹೀಗೆ ಮೂರು ಪದರ ಸೇರಿ ವ್ಯಾನಿನ ಪಕ್ಕವನ್ನು ಹೊತ್ತು ನಿಂತಿವೆ. ಒಳಗಿನ ಎರಡು ಕೊಳೆತಿರುವಾಗ ಹೊರಗಿನದನ್ನಷ್ಟೇ ಹೊಸದು ಹಾಕಿದರೆ ಎರಡು ಮಳೆಗಾಲಕ್ಕೆ ಮತ್ತೆ ತೂತು.

ಕತ್ತರಿಸುವ ಮುಂಚೆ ವ್ಯಾನನ್ನು ಅದರ ಭಾರ ಸಹಜವಾಗಿ ಕೂರುವಂತೆ ನಿಲ್ಲಿಸಿ: ಮುಂದಿನ ಆಕ್ಸಲ್ ಬೀಮಿನ ಕೆಳಗೆ ಎರಡು, ಹಿಂದಿನ ಟಾರ್ಷನ್ ಕೊಳವೆಯ ಕೆಳಗೆ ಎರಡು ಸ್ಟ್ಯಾಂಡ್. ಬಾಗಿಲುಗಳ ಸುತ್ತಲಿನ ಸಂದು ಎಲ್ಲ ಕಡೆ ಸಮವಾಗಿದೆಯೇ ನೋಡಿ, ಅಳತೆ ಬರೆದಿಟ್ಟುಕೊಳ್ಳಿ. ಆಮೇಲೆ 25 ಮಿ.ಮೀ. ಚೌಕ ಪೈಪನ್ನು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಒಂದು, ಕರ್ಣವಾಗಿ ಒಂದು ಟ್ಯಾಕ್ ವೆಲ್ಡ್ ಮಾಡಿ, ಅಂದರೆ ಅಲ್ಲಲ್ಲಿ ಚುಕ್ಕೆಯಂತೆ ಬೆಸೆಯಿರಿ. ಇದನ್ನು ಬಿಟ್ಟು ಸಿಲ್ ಕತ್ತರಿಸಿದರೆ ನಡುವೆ ವ್ಯಾನು ಕೂದಲೆಳೆಯಷ್ಟು ಜಗ್ಗುತ್ತದೆ. ಕೆಲಸ ಮುಗಿದ ಮೇಲೆ ಜಾರುಬಾಗಿಲು ಮುಚ್ಚುವುದೇ ಇಲ್ಲ, ಆಗ ಮಾಡಲು ಏನೂ ಉಳಿದಿರುವುದಿಲ್ಲ. ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಬ್ಯಾಟರಿ ತಂತಿ ಕಳಚಿ, ಡೈನಮೋ ಅಥವಾ ಆಲ್ಟರ್ನೇಟರ್ ತಂತಿಯನ್ನೂ ಕಳಚಿ. ಪೆಟ್ರೋಲ್ ಟ್ಯಾಂಕ್ ಇಂಜಿನ್ನಿನ ಮುಂಭಾಗದಲ್ಲೇ ಇದೆ, ಹಿಂಭಾಗದಲ್ಲಿ ವೆಲ್ಡಿಂಗ್ ಇದ್ದರೆ ಟ್ಯಾಂಕ್ ಹೊರಗೆ ಬರಲೇಬೇಕು. 'ಖಾಲಿ ಇದೆಯಲ್ಲ' ಅನ್ನಬೇಡಿ: ಖಾಲಿ ಟ್ಯಾಂಕಿನ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯ.

ಕೊಳೆತದ್ದನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ. ತೇಪೆಗೆ 1.0ರಿಂದ 1.2 ಮಿ.ಮೀ. ತಗಡು, 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗ್ಯಾಸ್. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದಲ್ಲಿ ಮೇಲಿನ ತಗಡಿಗೆ 30–40 ಮಿ.ಮೀ.ಗೊಂದು 6 ಮಿ.ಮೀ. ತೂತು ಕೊರೆದು ಅದನ್ನೇ ವೆಲ್ಡಿನಿಂದ ತುಂಬಿಸಿ. ಒಂದಕ್ಕೊಂದು ತಾಗುವ ಮುಖಗಳಿಗೆ ಮೊದಲೇ ವೆಲ್ಡ್ ತಾಳುವ ಸತುವಿನ ಪ್ರೈಮರ್ ಹಚ್ಚಿರಬೇಕು, ಆಮೇಲೆ ಅಲ್ಲಿಗೆ ಬ್ರಶ್ ಹೋಗುವುದಿಲ್ಲ. ಉದ್ದನೆ ಬೆಸುಗೆಯನ್ನು ಒಂದೇ ಸಮನೆ ಎಳೆಯಬೇಡಿ. ಇಲ್ಲಿ ಒಂದಂಗುಲ, ಅಲ್ಲಿ ಒಂದಂಗುಲ ಹಾಕಿ ನಡುವೆ ತಣಿಯಲು ಬಿಡಿ. ಕೈ ಇಟ್ಟರೆ ಸುಡುವಷ್ಟು ಬಿಸಿ ಇರುವಾಗಲೇ ಮುಂದುವರಿಸಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಕೊನೆಗೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಮ್ ಸೀಲರ್, ಬಣ್ಣ. ಬಣ್ಣ ಒಣಗಿದ ಮೇಲೆ ಸಿಲ್ಲಿನ ಒಳಗೆ ಸುತ್ತಲೂ ಚಿಮ್ಮುವ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಹೊಡೆಯಿರಿ, ಕೆಳಗಿನ ತೂತುಗಳಿಂದ ತೊಟ್ಟಿಕ್ಕುವವರೆಗೆ. ಆ ತೂತುಗಳು ನೀರು ಹೋಗಲೆಂದು ಇರುವುದು. ವ್ಯಾಕ್ಸ್ ಗಟ್ಟಿಯಾದ ಮೇಲೆ ತಂತಿ ಹಾಕಿ ಬಿಡಿಸದಿದ್ದರೆ ಹೊಸ ಸಿಲ್ಲೇ ನೀರಿನ ತೊಟ್ಟಿ. ಪುಟ್ಟಿ 2–3 ಮಿ.ಮೀ.ಗಿಂತ ದಪ್ಪ ಬೇಕಾಗುತ್ತಿದೆ ಎಂದರೆ ತಗಡನ್ನು ಇನ್ನೂ ಬಡಿದು ಸರಿಮಾಡಬೇಕಿದೆ ಎಂದರ್ಥ.

ಗಾಜಿನ ರಬ್ಬರ್

ಮುಂದಿನ ಗಾಜಿನ ಮೂಲೆಯಲ್ಲಿ ನೀರು ಸೋರಿದರೆ ಸಿಲಿಕೋನ್ ಮೆತ್ತಬೇಡಿ. ನೀರು ಅದರ ಹಿಂದೆ ನಿಂತು ಚೌಕಟ್ಟನ್ನೇ ತಿನ್ನುತ್ತದೆ. ಹಳೆ ರಬ್ಬರನ್ನು ಕತ್ತರಿಸಿ ಗಾಜು ತೆಗೆದು, ಚೌಕಟ್ಟಿನ ತುಕ್ಕು ಕಳೆದು ಬಣ್ಣ ಕೊಟ್ಟು, ಹೊಸ ರಬ್ಬರನ್ನು ಗಾಜಿಗೆ ತೊಡಿಸಿ. ರಬ್ಬರಿನ ಒಳತುಟಿಯ ಕಾಲುವೆಯಲ್ಲಿ 5 ಮಿ.ಮೀ. ನೈಲಾನ್ ಹಗ್ಗ ಕೂರಿಸಿ ತುದಿಗಳೆರಡೂ ಕೆಳಗೆ ನಡುವಲ್ಲಿ ಬರುವಂತೆ ಬಿಡಿ. ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿರಲಿ, ಒಳಗಿನಿಂದ ಇನ್ನೊಬ್ಬರು ಹಗ್ಗವನ್ನು ನಿಧಾನಕ್ಕೆ ಎಳೆಯಲಿ. ತುಟಿ ತಾನಾಗಿ ಚೌಕಟ್ಟಿನ ಮೇಲೆ ಹಾರಿ ಕೂರುತ್ತದೆ. ಒಬ್ಬರೇ ಮಾಡಲು ಹೋದರೆ ಗಾಜು ಒಡೆಯುತ್ತದೆ.

ಎತ್ತುವ ಚಾವಣಿಯ ಕ್ಯಾನ್ವಾಸ್ ಮಳೆಯಲ್ಲಿ ನೆನೆದಿದ್ದರೆ ಹಾಗೇ ಮಡಚಿಡಬೇಡಿ, ಮನೆಗೆ ಬಂದೊಡನೆ ಎತ್ತಿ ಒಣಗಿಸಿ. ಎರಡೇ ದಿನಕ್ಕೆ ಬೂಷ್ಟು ಬಂದರೆ ಆ ಕಪ್ಪು ಕಲೆ ಹೋಗುವುದಿಲ್ಲ.

ಇಂಜಿನ್: ಗಾಳಿಯ ಲೆಕ್ಕ

ಇಲ್ಲಿ ಹೇಳುವುದು 1584 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್ನಿಗೆ. 1972ರಿಂದ ಕೆಲವು ಮಾದರಿಗಳಿಗೆ ಹಾಕಿದ 1.7, 1.8, 2.0 ಲೀಟರ್ ಇಂಜಿನ್‌ಗಳ ಲೆಕ್ಕ ಬೇರೆ.

ರೇಡಿಯೇಟರ್ ಇಲ್ಲ. ಒಂದು ಫ್ಯಾನು ಮೇಲಿನಿಂದ ತಣ್ಣನೆ ಗಾಳಿ ಎಳೆದು ಸಿಲಿಂಡರುಗಳ ಮೇಲೆ ಊದುತ್ತದೆ, ಬಿಸಿಯಾದದ್ದು ಕೆಳಗೆ ಹೋಗುತ್ತದೆ. ಮೇಲಿನ ತಣ್ಣನೆ ಗಾಳಿಯನ್ನೂ ಕೆಳಗಿನ ಬಿಸಿ ಗಾಳಿಯನ್ನೂ ಬೇರ್ಪಡಿಸುವುದು ಇಂಜಿನ್ ಸುತ್ತಲಿನ ತಗಡುಗಳು ಮತ್ತು ಅಂಚಿನ ರಬ್ಬರ್ ಪಟ್ಟಿ. ಈ ಪಟ್ಟಿ ಹರಿದಿದ್ದರೆ, ಒಂದು ತಗಡು ಕಾಣೆಯಾಗಿದ್ದರೆ, ಸೈಲೆನ್ಸರಿನ ಬಿಸಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆ. 'ನೋಡಲು ಚೆಂದ' ಅಂತ ತಗಡು ಬಿಚ್ಚಿಟ್ಟು ಓಡಿಸುವವರ ಇಂಜಿನ್ ಬಹಳ ದಿನ ಬಾಳುವುದಿಲ್ಲ.

ಫ್ಯಾನು ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಅಥವಾ ಆಲ್ಟರ್ನೇಟರ್) ಶಾಫ್ಟಿಗೇ ಜೋಡಿಸಿದೆ. ಆದ್ದರಿಂದ ಓಡಿಸುವಾಗ ಚಾರ್ಜಿಂಗಿನ ಕೆಂಪು ದೀಪ ಹತ್ತಿದರೆ ಬ್ಯಾಟರಿ ತಾನೇ, ಮನೆಗೆ ಹೋಗಿ ನೋಡೋಣ ಅನ್ನಬೇಡಿ. ಬೆಲ್ಟು ಕಿತ್ತಿರಬಹುದು, ಹಾಗಿದ್ದರೆ ಗಾಳಿಯೂ ನಿಂತಿದೆ. ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 15 ಮಿ.ಮೀ. ತಗ್ಗಬೇಕು. ಬಿಗಿ ಮಾಡಲು ಮೇಲಿನ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್ ಒಂದನ್ನು ತೆಗೆದು ಹೊರಗಡೆ ಹಾಕಿ. ಸಡಿಲಿಸಲು ಒಳಗೆ ಸೇರಿಸಿ. ಒಂದು ಬೆಲ್ಟು, 21 ಮಿ.ಮೀ. ಸ್ಪ್ಯಾನರ್ ಯಾವಾಗಲೂ ವ್ಯಾನಿನಲ್ಲಿರಲಿ.

ಟ್ಯಾಪೆಟ್, ಪ್ರತಿ 5,000 ಕಿ.ಮೀ.ಗೆ

ಟ್ಯಾಪೆಟ್ ಸೆಟ್ ಮಾಡುವುದೆಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ಸ್ಕ್ರೂಗೂ ನಡುವಿನ ಸಂದು ಸರಿಮಾಡುವುದು. ಇಂಜಿನ್ ರಾತ್ರಿಯಿಡೀ ತಣ್ಣಗಿರಬೇಕು. ಅಳತೆ ಇನ್‌ಲೆಟ್, ಎಗ್ಸಾಸ್ಟ್ ಎರಡಕ್ಕೂ 0.15 ಮಿ.ಮೀ.

ವ್ಯಾನಿನ ಹಿಂದೆ ನಿಂತು ಮುಂದಕ್ಕೆ ನೋಡಿದರೆ ಬಲಗಡೆ ಮುಂದೆ ಒಂದನೇ ಸಿಲಿಂಡರ್, ಅದರ ಹಿಂದೆ ಎರಡನೇದು. ಎಡಗಡೆ ಮುಂದೆ ಮೂರು, ಹಿಂದೆ ನಾಲ್ಕು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪುಲ್ಲಿಯ ಟಿಡಿಸಿ (ಪಿಸ್ಟನ್ ಸಿಲಿಂಡರಿನ ತುತ್ತತುದಿಯಲ್ಲಿರುವ) ಗುರುತು ಇಂಜಿನ್ ಕೇಸಿನ ನಡುವಿನ ಸೀಳಿಗೆ ಬರುವಂತೆ, ರೋಟರ್ ಒಂದನೇ ಸಿಲಿಂಡರಿನ ಕಡೆ ಮುಖ ಮಾಡುವಂತೆ ತಿರುಗಿಸಿ. ಪುಲ್ಲಿಯ ಮೇಲೆ ಸರಿಯಾಗಿ ಎದುರು ಬದಿಗೆ ಬಿಳಿ ಬಣ್ಣದ ಚುಕ್ಕೆಯೊಂದನ್ನು ಇಟ್ಟುಕೊಂಡರೆ ಅರ್ಧ ಸುತ್ತು ಅಳೆಯಲು ಸುಲಭ.

ಆ ಪಕ್ಕದ ವಾಲ್ವ್ ಮುಚ್ಚಳ ತೆಗೆದು ಒಂದನೇದರ ಎರಡೂ ವಾಲ್ವ್ ನೋಡಿ. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತುಸು ಹಿಡಿದು ಜಾರಬೇಕು, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. ಸರಿಯಿಲ್ಲದಿದ್ದರೆ 13ರ ಸ್ಪ್ಯಾನರಿನಿಂದ ಲಾಕ್ ನಟ್ಟು ಸಡಿಲಿಸಿ ಸ್ಕ್ರೂ ತಿರುಗಿಸಿ. ನಟ್ಟು ಬಿಗಿಸುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ, ಹಾಗಾಗಿ ಬಿಗಿಸಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ. ಆಮೇಲೆ ಪುಲ್ಲಿಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ ಎರಡನೇದು, ಮತ್ತೆ ಅರ್ಧಕ್ಕೆ ಮೂರು, ಮತ್ತೆ ಅರ್ಧಕ್ಕೆ ನಾಲ್ಕು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-4-3-2 ಆದ್ದರಿಂದ ಹಿಂದಕ್ಕೆ ತಿರುಗಿಸಿದರೆ ಎಣಿಕೆ ನೇರ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸಂದು ಸ್ವಲ್ಪ ಜಾಸ್ತಿಯಾದರೆ ಟಕಟಕ ಸದ್ದು, ಅಷ್ಟೇ. ಕಡಿಮೆಯಾದರೆ ಸದ್ದೇ ಇರದು, ಕೇಳಲು ಹಿತ. ಆದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಪ್ರತಿ ಸಲವೂ ಒಂದೇ ವಾಲ್ವಿನ ಸಂದು ಕಿರಿದಾಗುತ್ತಿದ್ದರೆ ಅದು ಉದ್ದಕ್ಕೆ ಎಳೆದುಕೊಳ್ಳುತ್ತಿದೆ, ಇನ್ನು ಕೆಲವು ದಿನಕ್ಕೆ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಮೂರನೇ ಸಿಲಿಂಡರಿನ ಎಗ್ಸಾಸ್ಟ್ ಮೇಲೆ ಹೆಚ್ಚು ಕಣ್ಣಿಡಿ. 1970ರವರೆಗಿನ ಇಂಜಿನ್ನಿನಲ್ಲಿ ಆಯಿಲ್ ಕೂಲರ್ ಅದಕ್ಕೆ ಬರುವ ಗಾಳಿಗೆ ಅಡ್ಡ ಕೂತಿರುತ್ತದೆ.

ವಾಲ್ವ್ ಮುಚ್ಚಳದ ಕಾರ್ಕ್ ಗ್ಯಾಸ್ಕೆಟನ್ನು ಮುಚ್ಚಳಕ್ಕೆ ಮಾತ್ರ ಅಂಟಿಸಿ, ಇನ್ನೊಂದು ಮುಖಕ್ಕೆ ಗ್ರೀಸ್ ಸವರಿದರೆ ಸಾಕು.

ಆಯಿಲ್, ಪಾಯಿಂಟ್

ಆಯಿಲ್ 2.5 ಲೀಟರ್, 20W-50 ಆದೀತು. ಫಿಲ್ಟರ್ ಇಲ್ಲ, ಜಾಲರಿ ಮಾತ್ರ. ಹಾಗಾಗಿ 5,000 ಕಿ.ಮೀ. ದಾಟಿಸಬೇಡಿ. ಕೆಳಗಿನ ತಟ್ಟೆಯ ಆರು ನಟ್ಟು ತೆಗೆದು ಜಾಲರಿ ತೊಳೆದು, ಎರಡೂ ಗ್ಯಾಸ್ಕೆಟ್, ತಾಮ್ರದ ವಾಷರುಗಳನ್ನು ಹೊಸದು ಹಾಕಿ. ಬಿಗಿ 7 ನ್ಯೂಟನ್ ಮೀಟರ್ ಮಾತ್ರ, ಅಂದರೆ ಚಿಕ್ಕ ಸ್ಪ್ಯಾನರಿನಲ್ಲಿ ಎರಡು ಬೆರಳ ಬಲ. ತೋಳ್ಬಲ ತೋರಿಸಿದರೆ ಸ್ಟಡ್ಡು ಕೇಸಿನಿಂದ ಥ್ರೆಡ್ ಸಮೇತ ಕಿತ್ತು ಬರುತ್ತದೆ.

ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗೆ ಕಾರಣವಾಗುವ ಪಾಯಿಂಟಿನ ಸಂದು 0.4 ಮಿ.ಮೀ. ಪಾಯಿಂಟ್ ಮುಟ್ಟಿದ ಮೇಲೆ ಕಿಡಿಯ ಟೈಮಿಂಗ್ ನೋಡಲೇಬೇಕು, ಒಂದು ಬದಲಾದರೆ ಇನ್ನೊಂದು ಸರಿಯುತ್ತದೆ.

ಪೆಟ್ರೋಲ್ ಮತ್ತು ಬೆಂಕಿ

ಈ ವ್ಯಾನುಗಳು ಸುಟ್ಟುಹೋಗುವುದು ಸಾಮಾನ್ಯವಾಗಿ ಹತ್ತು ರೂಪಾಯಿಯ ರಬ್ಬರಿನಿಂದ. ಪೆಟ್ರೋಲ್ ಕೊಳವೆ ಇಂಜಿನ್ನಿನ ಮುಂದಿನ ತಗಡನ್ನು ತೂರಿ ಬರುವಲ್ಲಿ ಒಂದು ರಬ್ಬರ್ ಬಳೆ ಇರಬೇಕು. ಅದಿಲ್ಲದಿದ್ದರೆ ತಗಡಿನ ಅಂಚು ಕೊಳವೆಯನ್ನು ಗರಗಸದಂತೆ ಕೊಯ್ಯುತ್ತದೆ. ಎರಡನೇದು, ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೋಗುವ ಹಿತ್ತಾಳೆಯ ಚಿಕ್ಕ ನಳಿಕೆ. ಅದನ್ನು ಬರೀ ಒತ್ತಿ ಕೂರಿಸಿರುತ್ತಾರೆ. ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿದೆಯೇ? ಹಾಗಾದರೆ ಒಂದು ದಿನ ಕಳಚಿ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ. ಥ್ರೆಡ್ ಹೊಡೆಸಿ ತಿರುಪಿನ ನಳಿಕೆ ಹಾಕಿಸಿ. ಫಿಲ್ಟರನ್ನು ಇಂಜಿನ್ ಕೋಣೆಯಲ್ಲಿ ನೇತು ಹಾಕಬೇಡಿ, ಟ್ಯಾಂಕಿನ ಹತ್ತಿರ ಇರಲಿ.

ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇದೆ, ನಮ್ಮಲ್ಲಿ ಶೇ. 20. ಇದು ಹಳೆ ಹೋಸನ್ನು ಒಳಗಿನಿಂದ ತಿನ್ನುತ್ತದೆ. ಜೆ30 ಆರ್9 ಎಂದು ಅಚ್ಚಾದ ಹೋಸನ್ನೇ ಹಾಕಿ, ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸಿ. ಇಂಜಿನ್ ಕೇಸು ಮೆಗ್ನೀಸಿಯಂ ಮಿಶ್ರಲೋಹ. ಅದಕ್ಕೆ ಬೆಂಕಿ ಹಿಡಿದರೆ ನೀರು ಹಾಕಬಾರದು, ಇನ್ನೂ ಉರಿಯುತ್ತದೆ. 2 ಕೆ.ಜಿ. ಪುಡಿ ನಂದಕವನ್ನು ಚಾಲಕನ ಬಾಗಿಲ ಬಳಿ ಇಡಿ. ಹಿಂದೆ ಇಟ್ಟರೆ ಬೇಕಾದಾಗ ಕೈಗೆ ಸಿಗದು.

ಬ್ರೇಕು, ಒಳಾಂಗಣ

ವರ್ಷಗಟ್ಟಲೆ ನಿಂತ ವ್ಯಾನಾದರೆ ಬ್ರೇಕಿನ ರಬ್ಬರ್ ಹೋಸುಗಳನ್ನೆಲ್ಲ ನೋಡದೆಯೇ ಬದಲಿಸಿ. ಒಳಗೆ ಊದಿಕೊಂಡ ಹೋಸು ಆಯಿಲನ್ನು ಹೋಗಲು ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಒಂದು ಚಕ್ರ ಮಾತ್ರ ಕಾದು ವಾಸನೆ ಬಂದರೆ ಕಾರಣ ಇದೇ ಇರಬಹುದು. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷಕ್ಕೊಮ್ಮೆ. ಟೈರು 185 ಆರ್ 14 ಸಿ. ಕೊನೆಯ 'ಸಿ' ಇಲ್ಲದ ಕಾರಿನ ಟೈರು ಈ ಭಾರ ತಾಳದು.

ಒಳಗೆ ಗಾಜಿನ ಉಣ್ಣೆ ತುಂಬಬೇಡಿ, ತೇವ ಹಿಡಿದಿಟ್ಟು ತಗಡನ್ನು ಒಳಗಿನಿಂದ ಕೊಳೆಸುತ್ತದೆ. ನೀರು ಹೀರದ ಫೋಮ್ ಹಾಳೆ ಸಾಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ನೇರ ಹೊರಕ್ಕೆ ತೂತಿರಲೇಬೇಕು. ಹೀಟರಿನ ಗಾಳಿ ಸೈಲೆನ್ಸರ್ ಕೊಳವೆಯ ಸುತ್ತಲಿಂದ ಬರುತ್ತದೆ. ಆ ಕೊಳವೆ ತೂತಾಗಿದ್ದರೆ ಹೊಗೆ ಮಲಗುವ ಜಾಗಕ್ಕೇ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ಹೊಸ ಆಯಿಲ್ ಹಾಕಿ ನಿಲ್ಲಿಸಿ, ಹಳೆಯದರಲ್ಲಿರುವ ಆಮ್ಲ ಬೇರಿಂಗ್ ತಿನ್ನುತ್ತದೆ. ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿ ಕಳಚಿ. ಫ್ಯಾನಿನ ಬಾಯಿಯಲ್ಲಿ ಇಲಿ ಗೂಡು ಕಟ್ಟುವುದುಂಟು, ಅದಕ್ಕೆ ಬಟ್ಟೆ ತುರುಕಿದ್ದರೆ ಇಗ್ನಿಷನ್ ಕೀಲಿಗೆ ಒಂದು ಕೆಂಪು ದಾರ ಕಟ್ಟಿಡಿ. ಬಟ್ಟೆ ಹೊರಗೆ ಬಂದ ಮೇಲಷ್ಟೇ ದಾರ ಬಿಚ್ಚಬೇಕು.