ಎಡ ಬ್ಯಾಕ್ ಯಾರು? ಹಾಕಿ ಡ್ರಾಫ್ಟ್‌ಗೆ ಕೂರುವ ಮುನ್ನ

ಕೊಡವ ಕೌಟುಂಬಿಕ ಹಾಕಿಯಲ್ಲಿ ಡ್ರಾಫ್ಟ್ (ಪಟ್ಟಿಯಿಂದ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ಎಂಬುದೇ ಇಲ್ಲ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಯಾರಿದ್ದಾರೋ ಅವರೇ ತಂಡ. ಗೋಲ್‌ಕೀಪರ್ ಇಲ್ಲದಿದ್ದರೆ ದೊಡ್ಡಪ್ಪನ ಮಗನಿಗೆ ಪ್ಯಾಡ್ ಕಟ್ಟಿ ನಿಲ್ಲಿಸುವುದೇ ದಾರಿ. ಕ್ಲಬ್ ಲೀಗ್‌ಗೋ ಹರಾಜಿನ ಟೂರ್ನಿಗೋ ತಂಡ ಕಟ್ಟುವವರಿಗೆ ಆ ನೆಪವಿಲ್ಲ. ಮುಂದೆ ನೂರಿಪ್ಪತ್ತು ಹೆಸರಿನ ಪಟ್ಟಿ ಇರುತ್ತದೆ, ಅದರಲ್ಲಿ ಹದಿನೈದನ್ನು ಆರಿಸಬೇಕು, ಆರಿಸಿದ್ದು ತಪ್ಪಾದರೆ ಮೂರನೇ ಪಂದ್ಯಕ್ಕೇ ಗೊತ್ತಾಗುತ್ತದೆ.

ಹೆಚ್ಚಿನ ತಂಡಗಳು ಎಡವುವುದು ಒಂದೇ ಜಾಗದಲ್ಲಿ. ಮೊದಲ ಮೂರು ಸರದಿಯಲ್ಲಿ ಮೂವರು ಫಾರ್ವರ್ಡ್‌ಗಳನ್ನು ತೆಗೆದುಕೊಂಡು, ಆಮೇಲೆ ಹಿಂದೆ ನಿಲ್ಲುವವರಿಗಾಗಿ ಪಟ್ಟಿಯ ತಳ ಕೆರೆಯುತ್ತವೆ. ಭಾರತ ತಂಡದಲ್ಲಿ ಫಾರ್ವರ್ಡ್ ಆಗಿದ್ದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಟ ನೋಡಿ ಬೆಳೆದ ಹುಡುಗರಿಗೆಲ್ಲ ಫಾರ್ವರ್ಡ್ ಆಗುವ ಆಸೆ. ಅದಕ್ಕೇ ಪಟ್ಟಿಯಲ್ಲಿ ಫಾರ್ವರ್ಡ್‌ಗಳಿಗೆ ಬರವಿಲ್ಲ. ಬರ ಇರುವುದು ಬೇರೆ ಕಡೆ.

ಒಳ್ಳೆಯ ಆಟಗಾರನೋ, ಬೇಕಾದ ಆಟಗಾರನೋ

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಏಳು ಸುತ್ತಿನ ಡ್ರಾಫ್ಟ್ ನಡೆಯುತ್ತದೆ. ಆರಿಸುವುದು ಹೆಚ್ಚಾಗಿ ಹದಿನೆಂಟರ ಹುಡುಗರನ್ನು, ಅವರಲ್ಲಿ ಬಹುಪಾಲು ಮುಖ್ಯ ತಂಡಕ್ಕೆ ಬರುವಷ್ಟರಲ್ಲಿ ಕೆಲವು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ತಂಡದ ಇಂದಿನ ಕೊರತೆಯೇ ಬದಲಾಗಿರುತ್ತದೆ, ಹಾಗಾಗಿ ಅಲ್ಲಿ ಜಾಗ ನೋಡದೆ ಇದ್ದವರಲ್ಲಿ ಉತ್ತಮನನ್ನು ಎತ್ತಿಕೊಳ್ಳುವುದು ಜಾಣತನ. ಹಾಕಿ ಇಂಡಿಯಾ ಲೀಗ್‌ನ ಲೆಕ್ಕವೇ ಬೇರೆ. 2024ರ ಅಕ್ಟೋಬರ್‌ನಲ್ಲಿ ಹರಾಜು ಮುಗಿಯಿತು, ಡಿಸೆಂಬರ್ ಕೊನೆಗೆ ಪಂದ್ಯ ಶುರು. ಆ ಸಲ ಪ್ರತಿ ತಂಡದಲ್ಲಿ 24 ಜನ, ಅವರಲ್ಲಿ 8 ವಿದೇಶಿಯರು, ಕನಿಷ್ಠ 4 ಜೂನಿಯರ್‌ಗಳು. ಯಾವ ಜಾಗ ಖಾಲಿ ಎಂಬ ಪ್ರಶ್ನೆ ಅಲ್ಲಿ ಮೊದಲು ಬರುತ್ತದೆ.

ನಮ್ಮೂರಿನ ಲೀಗ್ ಎರಡನೆಯ ಜಾತಿಯದು. ನಾಲ್ಕು ವಾರದ ಟೂರ್ನಿಗೆ ಯಾರನ್ನೂ ಬೆಳೆಸಲು ಆಗುವುದಿಲ್ಲ, ಇರುವ ತೂತು ಮುಚ್ಚಬೇಕು. ಹಾಸ್ಟೆಲ್‌ಗೋ ಅಕಾಡೆಮಿಗೋ ಹದಿಮೂರರ ಮಕ್ಕಳನ್ನು ಆರಿಸುವುದಾದರೆ ಮಾತ್ರ ಮೊದಲನೆಯ ದಾರಿ ಹಿಡಿಯಿರಿ. ಆ ವಯಸ್ಸಿನಲ್ಲಿ ರೈಟ್ ಹಾಫ್, ಲೆಫ್ಟ್ ಇನ್ ಎಂದು ಹಣೆಪಟ್ಟಿ ಅಂಟಿಸಬೇಡಿ.

ಕೊರತೆಯನ್ನು ಕೆಲಸವಾಗಿ ಬರೆಯಿರಿ

‘ಡಿಫೆನ್ಸ್ ವೀಕು’ ಎಂದು ಬರೆದಿಟ್ಟರೆ ಏನೂ ಬರೆದ ಹಾಗಲ್ಲ. ಕಳೆದ ಸಲ ಬಿಟ್ಟುಕೊಟ್ಟ ಪ್ರತಿ ಗೋಲಿಗೂ, ಪ್ರತಿ ಪೆನಾಲ್ಟಿ ಕಾರ್ನರ್‌ಗೂ (ಗೋಲಿನ ಹತ್ತಿರದ ತಪ್ಪಿಗೆ ಎದುರಾಳಿಗೆ ಸಿಗುವ ಹೊಡೆತದ ಅವಕಾಶ) ಮೂರು ವಿಷಯ ಗುರುತು ಹಾಕಿ: ಚೆಂಡು ಎಲ್ಲಿ ಕೈಬಿಟ್ಟಿತು, ಎದುರಾಳಿ 23 ಮೀಟರ್ ಗೆರೆಯನ್ನು ಯಾವ ಬದಿಯಿಂದ ದಾಟಿದ, ಡಿಯೊಳಗೆ (ಗೋಲಿನ ಮುಂದಿನ ಅರ್ಧವೃತ್ತ) ಕೊನೆಯ ಟ್ಯಾಕಲ್ ಮಾಡಬೇಕಿದ್ದವರು ಯಾರು. ಹತ್ತು ಪಂದ್ಯದ ಲೆಕ್ಕ ಹಾಕಿದರೆ ಗುರುತುಗಳು ಒಂದು ಕಡೆ ಗುಂಪಾಗುತ್ತವೆ. ಹೆಚ್ಚಿನ ತಂಡಗಳಲ್ಲಿ ಅವು ಗುಂಪಾಗುವುದು ಎಡಗಡೆ.

ಕಾರಣ ಸ್ಟಿಕ್ಕಿನಲ್ಲೇ ಇದೆ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಎಲ್ಲರೂ ಆಡುವುದು ಒಂದೇ ಚಪ್ಪಟೆ ಮುಖದಲ್ಲಿ, ಮತ್ತು ಎಲ್ಲರ ಬಲವೂ ದೇಹದ ಬಲಬದಿಗೆ. ಎದುರಾಳಿಯ ರೈಟ್ ವಿಂಗರ್ ಗೆರೆಯುದ್ದಕ್ಕೂ ಹೊರಗಿನಿಂದ ಓಡಿದರೆ ಅವನು ದಾಟುವುದು ನಮ್ಮ ಲೆಫ್ಟ್ ಬ್ಯಾಕ್‌ನ ಎಡಪಕ್ಕದಲ್ಲಿ. ಅಂದರೆ ಅಲ್ಲಿ ಟ್ಯಾಕಲ್ ರಿವರ್ಸ್‌ನಲ್ಲೇ ಆಗಬೇಕು, ಸ್ಟಿಕ್ ತಿರುವಿ, ಹೆಚ್ಚಾಗಿ ಒಂದೇ ಕೈಯಲ್ಲಿ. ರೈಟ್ ಬ್ಯಾಕ್‌ಗೆ ಈ ಕಷ್ಟವಿಲ್ಲ. ಹೊರಗಿನಿಂದ ಬರುವವನು ಅವನ ಫೋರ್‌ಸ್ಟಿಕ್ ಕಡೆಗೇ, ಅಂದರೆ ಬಲಬದಿಗೇ ಬರುತ್ತಾನೆ. ಆದರೂ ‘ಇವನನ್ನು ಎಲ್ಲಿ ನಿಲ್ಲಿಸೋಣ’ ಎಂಬ ಪ್ರಶ್ನೆ ಬಂದಾಗ ಬಡಪಾಯಿಯನ್ನು ಲೆಫ್ಟ್ ಬ್ಯಾಕ್‌ಗೆ ತಳ್ಳುವುದು ರೂಢಿ.

ಲೆಫ್ಟ್ ಬ್ಯಾಕನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ವೇಗದ ಒಬ್ಬ ವಿಂಗರನ್ನು ಸೈಡ್‌ಲೈನ್‌ನಿಂದ ಎರಡು ಮೀಟರ್ ಒಳಗೆ ನಿಲ್ಲಿಸಿ, 23 ಮೀಟರ್ ಗೆರೆಯ ಆಚೆಯಿಂದ ಹತ್ತು ಸಲ ಓಡಿಸಿ. ಬ್ಯಾಕ್ ಎಷ್ಟು ಸಲ ಚೆಂಡು ಕಿತ್ತ ಎಂದು ಎಣಿಸಬೇಡಿ. ಅವನ ಪಾದ ನೋಡಿ. ಒಳ್ಳೆಯವನು ವಿಂಗರ್‌ಗಿಂತ ಅರ್ಧ ಹೆಜ್ಜೆ ಹೊರಗೆ, ಸೈಡ್‌ಲೈನ್ ಕಡೆಗೆ ನಿಲ್ಲುತ್ತಾನೆ, ಹೊರದಾರಿ ಮುಚ್ಚಿ ಅವನನ್ನು ಒಳಕ್ಕೆ, ತನ್ನ ಫೋರ್‌ಸ್ಟಿಕ್ ಕಡೆಗೆ ಬರಿಸುತ್ತಾನೆ. ಹಿಂದೆ ಸರಿಯುತ್ತಲೇ ಸ್ಟಿಕ್ ತುದಿಯನ್ನು ನೆಲಕ್ಕೆ ತಾಗಿಸಿಟ್ಟು, ಆಗಾಗ ಚುಚ್ಚಿ ಎಳೆದುಕೊಳ್ಳುತ್ತಾನೆ. ಎರಡೂ ಕಾಲು ಸಮಾನಾಂತರ ಊರಿ ಕಾಯುವವನು, ಮೊದಲ ಕುಲುಕಾಟಕ್ಕೇ ಬಾಗಿ ನೆಲಕ್ಕೆ ಬೀಳುವವನು ಅಭ್ಯಾಸ ಪಂದ್ಯದಲ್ಲಿ ಚೆಂದ ಕಾಣುತ್ತಾನೆ, ಫೈನಲ್‌ನಲ್ಲಿ ಕೈಕೊಡುತ್ತಾನೆ.

ಹೀಗೆ ಕೊರತೆ ಪಟ್ಟಿಯಲ್ಲಿ ‘ಲೆಫ್ಟ್ ಬ್ಯಾಕ್’ ಎನ್ನುವ ಬದಲು ‘ಹೊರದಾರಿ ಮುಚ್ಚಬಲ್ಲವನು, ಕಿತ್ತ ಚೆಂಡನ್ನು ಮಧ್ಯಕ್ಕೆ ಕೊಡದೆ ಗೆರೆಯುದ್ದಕ್ಕೆ ಹೊಡೆಯಬಲ್ಲವನು’ ಎಂದು ಬರೆದಿರಲಿ. ಹಾಗೆ ಬರೆದರೆ ಪಟ್ಟಿಯಲ್ಲಿ ಹಾಫ್ (ಮಧ್ಯದಲ್ಲಿ ಆಡುವವನು) ಎಂದು ನಮೂದಾದ ಯಾರೋ ಒಬ್ಬರು ಈ ಕೆಲಸಕ್ಕೆ ಸರಿಹೊಂದುವುದು ಕಣ್ಣಿಗೆ ಬೀಳುತ್ತದೆ.

ಮೈದಾನ ಯಾವುದು ಎಂದು ಮೊದಲು ಕೇಳಿ

ಟರ್ಫ್ (ಕೃತಕ ಹುಲ್ಲುಹಾಸು) ಮೇಲೆ ಆಡಿಸುತ್ತಾರೋ, ಶಾಲೆಯ ಮಣ್ಣಿನ ಮೈದಾನದಲ್ಲೋ? ಇದು ಗೊತ್ತಾಗುವ ತನಕ ಯಾರಿಗೂ ಅಂಕ ಹಾಕಬೇಡಿ. ನೀರು ಹಾಯಿಸಿದ ಟರ್ಫ್‌ನಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡೇ ಬರುತ್ತದೆ, ಸ್ಟಿಕ್ ಮಲಗಿಸಿ ತಡೆದರೂ ನಿಲ್ಲುತ್ತದೆ. ಅದೇ ಹುಡುಗ ಮಣ್ಣಿನಲ್ಲಿ ಸ್ಟಿಕ್ ಮಲಗಿಸಿದರೆ ಚೆಂಡು ಕಲ್ಲಿಗೆ ತಾಗಿ ಎಗರಿ ಮೇಲಿಂದ ಹೋಗುತ್ತದೆ. ಮಣ್ಣಿನವರು ಸ್ಟಿಕ್ ನೆಟ್ಟಗೆ ಹಿಡಿದು, ಮೈಯನ್ನು ಚೆಂಡಿನ ಹಿಂದೆ ತಂದು ತಡೆಯುತ್ತಾರೆ. ಟರ್ಫ್‌ಗೆ ಬಂದ ಮೊದಲ ದಿನಗಳಲ್ಲಿ ಸೊಂಟ ಬಾಗದೆ ನಿಧಾನ ಅನ್ನಿಸುತ್ತಾರೆ. ಎರಡರಲ್ಲೂ ಆಡಿದವರಿಗೆ ಅರ್ಧ ಅಂಕ ಹೆಚ್ಚು ಕೊಟ್ಟರೆ ತಪ್ಪಿಲ್ಲ.

ದೊಡ್ಡ ವ್ಯತ್ಯಾಸ ಪೆನಾಲ್ಟಿ ಕಾರ್ನರ್‌ನದು. ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಹೊಡೆತ) ಚೆಂಡು ಸ್ಟಿಕ್ಕಿನ ಮೇಲೆ ಉದ್ದಕ್ಕೆ ಉರುಳಬೇಕು. ಗುಂಡಿ ಬಿದ್ದ ನೆಲದಲ್ಲಿ ನಡುವೆಯೇ ಚೆಂಡು ಹಾರಿ ಬಿಡುತ್ತದೆ. ಮಣ್ಣಿನ ಟೂರ್ನಿಗೆ ಫ್ಲಿಕ್ಕರ್ ಮೇಲೆ ಅರ್ಧ ಹಣ ಸುರಿಯುವುದು ದಂಡ. ಅಲ್ಲಿ ಬೇಕಾದವರು ಚೆಂಡನ್ನು ಕಲ್ಲಿನಂತೆ ನಿಲ್ಲಿಸುವ ಸ್ಟಾಪರ್ ಮತ್ತು ನೇರ ಹೊಡೆಯುವವನು. ಮೊದಲ ಹೊಡೆತವು ಹಿಟ್ ಆಗಿದ್ದರೆ ಗೋಲು ಗೆರೆ ದಾಟುವಾಗ ಗೋಲಿನ ತಳದ ಹಲಗೆಯ 460 ಮಿ.ಮೀ. ಎತ್ತರ ಮೀರಬಾರದು, ಹಾಗಾಗಿ ಬಲಕ್ಕಿಂತ ನೆಲಕ್ಕಂಟಿ ಹೊಡೆಯುವ ಹತೋಟಿ ನೋಡಿ.

ಕಾರ್ನರ್ ಪಡೆ ಐದು ಕೆಲಸದ್ದು

ಟರ್ಫ್ ಆದರೆ ಫ್ಲಿಕ್ಕರ್‌ಗೆ ಬೆಲೆ ಉಂಟು. 20 ಫ್ಲಿಕ್ ಹೊಡೆಸಿ, ಮೊದಲ ಹತ್ತು ನಿಂತ ಚೆಂಡಿನಿಂದ, ಉಳಿದ ಹತ್ತು ನಿಜವಾದ ಇಂಜೆಕ್ಷನ್‌ನಿಂದ, ಅಂದರೆ ಗೋಲಿನ ಪಕ್ಕದ ಗೆರೆಯಿಂದ ಒಬ್ಬರು (ಇಂಜೆಕ್ಟರ್) ತಳ್ಳಿಕೊಟ್ಟ ಚೆಂಡಿನಿಂದ. ನಿಂತ ಚೆಂಡಿಗೆ ಹತ್ತರಲ್ಲಿ ಎಂಟು ಮೂಲೆಗೆ ಹಾಕುವವನು, ಓಡಿ ಬಂದ ಚೆಂಡಿಗೆ ಮೂರಕ್ಕೆ ಇಳಿದರೆ ತಪ್ಪು ಅವನದೇ ಎಂದು ಕೂಡಲೇ ತೀರ್ಮಾನಿಸಬೇಡಿ. ಇಂಜೆಕ್ಟರ್ ಮತ್ತು ಸ್ಟಾಪರನ್ನು ಬದಲಿಸಿ ಇನ್ನೊಮ್ಮೆ ನೋಡಿ. ಗೋಲ್‌ಪೋಸ್ಟ್‌ನಿಂದ 10 ಮೀಟರ್ ದೂರದಲ್ಲಿಟ್ಟ ಚೆಂಡು ಡಿ ತಲೆಗೆ ತಲುಪಲು 18–20 ಮೀಟರ್ ಓಡಬೇಕು. ಅದು ಪುಟಿಯುತ್ತಾ ಬಂದರೆ ಯಾವ ಫ್ಲಿಕ್ಕರ್‌ನಿಂದಲೂ ಏನೂ ಆಗದು. ಇಂಜೆಕ್ಟರ್ ಅಗ್ಗಕ್ಕೆ ಸಿಗುತ್ತಾನೆ, ಯಾರೂ ಅವನನ್ನು ಹುಡುಕುವುದಿಲ್ಲ. ನೀವು ಹುಡುಕಿ.

ಇನ್ನೊಂದು ವಿಷಯ ಹರಾಜಿನ ಬಿಸಿಯಲ್ಲಿ ಮರೆತುಹೋಗುತ್ತದೆ. ಆಟದಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆದರೆ ಪೆನಾಲ್ಟಿ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವ ತನಕ ಬದಲಾವಣೆ ಇಲ್ಲ. ತಡೆಯುವ ತಂಡದ ಗೋಲ್‌ಕೀಪರ್ ಗಾಯಗೊಂಡರೆ ಅಥವಾ ಅಮಾನತಾದರೆ ಮಾತ್ರ ವಿನಾಯಿತಿ. ಅಂದರೆ ಬೆಂಚಿನಲ್ಲಿ ಕೂತ ಫ್ಲಿಕ್ಕರ್ ಶೂನ್ಯ. 60 ನಿಮಿಷದಲ್ಲಿ 45 ನಿಮಿಷವಾದರೂ ಒಳಗಿರುವಷ್ಟು ಬೇರೆ ಆಟ ಅವನಿಗೆ ಗೊತ್ತಿರಬೇಕು. ಭಾರತ ತಂಡದಲ್ಲಿ ಆಡಿದ, ಕೊಡಗಿನವರೇ ಆದ ವಿ.ಆರ್. ರಘುನಾಥ್ ಫ್ಲಿಕ್ಕರ್ ಆಗಿರುವುದರ ಜೊತೆಗೆ ಫುಲ್‌ಬ್ಯಾಕ್ ಆಗಿದ್ದರು ಎಂಬುದು ಬರೀ ಕಾಕತಾಳೀಯವಲ್ಲ.

ಕಾರ್ನರ್ ತಡೆಯುವ ಐವರಲ್ಲಿ ಕೀಪರ್ ಬಿಟ್ಟರೆ ಮುಖ್ಯನಾದವನು ಮೊದಲು ಓಡುವ ರಷರ್. ಗೋಲು ಗೆರೆಯಿಂದ 15 ಮೀಟರ್ ಓಟದ ಸಮಯ ಹಿಡಿಯಿರಿ, ಜೊತೆಗೆ ಕೊನೆಯ ಮೂರು ಹೆಜ್ಜೆಯಲ್ಲಿ ಮುಖ ತಿರುಗಿಸುತ್ತಾನೋ ಎಂದೂ ನೋಡಿ. ತಿರುಗಿಸುವವನನ್ನು ದೂರುವಂತಿಲ್ಲ, ಆ ಕೆಲಸಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ.

ಕೀಪರ್‌ಗೆ ಎಷ್ಟು ತಡೆದ ಎಂಬ ಲೆಕ್ಕ ಹಾಕುವ ಬದಲು, ತಡೆದ ಚೆಂಡು ಎಲ್ಲಿಗೆ ಹೋಯಿತು ಎಂದು ಚಿತ್ರ ಬಿಡಿಸಿ. 20 ಹೊಡೆತದಲ್ಲಿ 16 ತಡೆದು ಅದರಲ್ಲಿ 7 ಚೆಂಡು ಎದುರಿಗೇ ಬಿಟ್ಟವನಿಗಿಂತ, 14 ತಡೆದು ಎಲ್ಲವನ್ನೂ ಪಕ್ಕಕ್ಕೆ ಒದ್ದವನು ಮೇಲು. ಬಾಯಿ ಇರುವ ಕೀಪರ್ ಬೇಕು. ಮೌನಿ ಕೀಪರ್ ಮುಂದೆ ನಾಲ್ವರು ಬ್ಯಾಕ್‌ಗಳು ಕುರುಡರಾಗುತ್ತಾರೆ. ನಾಕೌಟ್ ಇದ್ದರೆ 8 ಸೆಕೆಂಡಿನ ಶೂಟ್‌ಔಟ್ ಐದಾದರೂ ಆಡಿಸಿ ನೋಡಿ.

ಚೆಂಡು ಬಿಟ್ಟು ಆಟಗಾರನನ್ನು ನೋಡಿ

ಒಂದು ಕ್ವಾರ್ಟರ್, 15 ನಿಮಿಷ, ಒಬ್ಬನನ್ನೇ ನೋಡುವ ಅಭ್ಯಾಸ ಕಷ್ಟ. ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಆದರೂ ಬೇರೆ ದಾರಿ ಇಲ್ಲ. ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಒಮ್ಮೆಯಾದರೂ ಹಿಂದೆ ನೋಡಿದನೇ? ಮೊದಲ ಸ್ಪರ್ಶದಲ್ಲೇ ಚೆಂಡು ಮುಂದಿನ ಕೆಲಸದ ಕಡೆ ಹೋಯಿತೇ, ಕಾಲಡಿ ಸತ್ತುಬಿತ್ತೇ? ಚೆಂಡು ಕಳೆದುಕೊಂಡ ಮುಂದಿನ ಐದು ಸೆಕೆಂಡಿನಲ್ಲಿ ಏನು ಮಾಡಿದ? ಕೈ ಎತ್ತಿ ಅಂಪೈರ್ ಕಡೆ ತಿರುಗುವವನಿಗೆ ನನ್ನ ಪಟ್ಟಿಯಲ್ಲಿ ಜಾಗ ಕಡಿಮೆ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ, ಹಳದಿ ಎಂದರೆ ಕನಿಷ್ಠ ಐದು ನಿಮಿಷ ಹತ್ತೇ ಜನ.

ಏಪ್ರಿಲ್–ಮೇ ತಿಂಗಳ ಕೌಟುಂಬಿಕ ಹಾಕಿ ಹಬ್ಬ ಆಟಗಾರರನ್ನು ಹುಡುಕಲು ಚಿನ್ನದ ಗಣಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಆಟ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳಿಗೆ ಬೆಳೆಯಿತು. ಆದರೆ ಅಲ್ಲಿನ ಗೋಲುಗಳನ್ನು ಹಾಗೆಯೇ ನಂಬಿದರೆ ಕೆಟ್ಟಿರಿ. ಮೊದಲ ಸುತ್ತುಗಳಲ್ಲಿ ಎದುರಿಗೆ ಅಜ್ಜಂದಿರಿಂದ ಶಾಲೆ ಮಕ್ಕಳವರೆಗೆ ಎಲ್ಲರೂ ಇರುತ್ತಾರೆ. ಅಲ್ಲಿ ನಾಲ್ಕು ಗೋಲು ಹೊಡೆದವನಿಗಿಂತ, ಪ್ರಬಲ ಒಕ್ಕದ ಎದುರು ಸೋತ ತಂಡದಲ್ಲಿ ಕೊನೆಯ ತನಕ ಹಿಂದಕ್ಕೆ ಓಡಿದ ಹಾಫನ್ನು ಬರೆದುಕೊಳ್ಳಿ. ಕ್ವಾರ್ಟರ್ ಫೈನಲ್ ನಂತರದ ಆಟಕ್ಕೆ ಪೂರ್ಣ ತೂಕ ಕೊಡಿ.

ಟ್ರಯಲ್ಸ್ ಇಡುವುದಾದರೆ ತಿಂಗಳು ನೋಡಿ ಇಡಿ. ಮಳೆಗಾಲ ಮುಗಿದ ಕೂಡಲೇ ಕರೆದರೆ ಎಲ್ಲರೂ ಮೈ ಬಿಟ್ಟಿರುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಕಣದಲ್ಲಿ ಕೆಲಸ ಇರುವ ಹುಡುಗ ಬರುವುದಿಲ್ಲ, ಬಂದರೂ ದಣಿದಿರುತ್ತಾನೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮಾರನೇ ದಿನ ಮೈದಾನ ಮೆದುವಾಗಿ 30 ಮೀಟರ್ ಓಟದ ಸಮಯ ಎಲ್ಲರದೂ ಹಿಗ್ಗುತ್ತದೆ. ಒಂದೇ ದಿನ ಓಡಿದವರನ್ನು ಮಾತ್ರ ಪರಸ್ಪರ ಹೋಲಿಸಿ. ಮೂರು ಸಲ ಓಡಿಸಿ ಉತ್ತಮವಾದುದನ್ನು ಬರೆದುಕೊಳ್ಳಿ.

ಕಿರಿಯರಾದರೆ ಹುಟ್ಟಿದ ತಿಂಗಳನ್ನೂ ಬರೆಯಿರಿ. ಜನವರಿ 1ಕ್ಕೆ ವಯಸ್ಸು ಲೆಕ್ಕ ಹಾಕುವ ಗುಂಪಿನಲ್ಲಿ ಜನವರಿಯವನಿಗೂ ಡಿಸೆಂಬರಿನವನಿಗೂ ಸುಮಾರು ಒಂದು ವರ್ಷದ ಅಂತರ. ಹದಿನಾಲ್ಕರಲ್ಲಿ ಮೀಸೆ ಬಂದವನು ಓಟದಲ್ಲೂ ಹೊಡೆತದಲ್ಲೂ ಗೆಲ್ಲುತ್ತಾನೆ, ಹದಿನೆಂಟಕ್ಕೆ ಉಳಿದವರು ಅವನನ್ನು ಹಿಡಿದುಬಿಡುತ್ತಾರೆ.

ಅಂಕವನ್ನು ಇಬ್ಬರು ಬೇರೆ ಬೇರೆಯಾಗಿ, ಒಂದರಿಂದ ಐದರವರೆಗೆ ಹಾಕಿ. ಎರಡು ಅಂಕದಷ್ಟು ವ್ಯತ್ಯಾಸ ಬಂದರೆ ವಾದ ಬೇಡ, ಮತ್ತೊಂದು ಪಂದ್ಯ ನೋಡಿ. ಸಂಬಂಧಿಕರಿಗೆ ಸಂಬಂಧಿಕರು ಅಂಕ ಹಾಕಬಾರದು ಎಂಬ ನಿಯಮ ಕೊಡಗಿನಲ್ಲಿ ಪಾಲಿಸುವುದು ತಮಾಷೆಯ ಮಾತು, ಯಾರ ಮನೆಗೆ ಯಾರು ನೆಂಟರಲ್ಲ? ಕನಿಷ್ಠ ಸ್ವಂತ ಒಕ್ಕದವರಿಗೆ ಹಾಕದಿದ್ದರೆ ಸಾಕು.

ಮೇಜಿನ ಮುಂದೆ

ಎಂಟು ತಂಡ, ಹಾವಿನ ಸರದಿ ಎಂದುಕೊಳ್ಳಿ. ಮೊದಲ ಸುತ್ತು 1ರಿಂದ 8, ಎರಡನೆಯದು 8ರಿಂದ 1. ಒಂದನೇ ನಂಬರಿನವರಿಗೆ ಸಿಗುವುದು 1, 16, 17ನೇ ಆಯ್ಕೆ. ಎಂಟನೆಯವರಿಗೆ 8, 9, 24. ನಡುವೆ ಹದಿನಾಲ್ಕು ಹೆಸರು ಹೋಗುತ್ತವೆ ಎಂದು ಗೊತ್ತಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಬಿಟ್ಟರೆ ನನ್ನ ಮುಂದಿನ ಸರದಿಗೆ ಈ ಜಾಗದಲ್ಲಿ ಯಾರು ಉಳಿದಿರುತ್ತಾರೆ? ಪಟ್ಟಿಯಲ್ಲಿ ನಂಬಬಹುದಾದ ಫಾರ್ವರ್ಡ್‌ಗಳು 20, ಕೀಪರ್‌ಗಳು 5 ಎಂದಾದರೆ ಹದಿನಾಲ್ಕು ಹೆಸರು ಹೋದ ಮೇಲೂ ಫಾರ್ವರ್ಡ್ ಸಿಗುತ್ತಾನೆ, ಕೀಪರ್ ಸಿಗುವುದಿಲ್ಲ.

ಹರಾಜಾದರೆ ಪ್ರತಿ ಕೂಗಿಗೂ ಗರಿಷ್ಠ ಎಷ್ಟು ಹೋಗಬಹುದು ಎಂಬ ಲೆಕ್ಕ ಕೈಯಲ್ಲಿರಲಿ. ಉಳಿದ ಹಣದಿಂದ, ಈ ಒಬ್ಬನನ್ನು ಬಿಟ್ಟು ಇನ್ನು ತುಂಬಬೇಕಾದ ಜಾಗಗಳ ಮೂಲಬೆಲೆ ಕಳೆಯಿರಿ. 40,000 ಪಾಯಿಂಟ್ ಉಳಿದಿದೆ, ಆರು ಜಾಗ ಖಾಲಿ, ಮೂಲಬೆಲೆ 2,000 ಎಂದರೆ ಈಗಿನವನಿಗೆ 30,000 ಮೇಲೆ ಒಂದು ಪಾಯಿಂಟ್ ಕೂಗಿದರೂ ತಂಡ ಪೂರ್ತಿಯಾಗುವುದಿಲ್ಲ. 30,000 ಕೂಗಿದರೂ ಉಳಿದ ಐವರು ಯಾರೂ ಬೇಡವೆಂದು ಬಿಟ್ಟವರೇ ಆಗಿರುತ್ತಾರೆ ಎಂಬುದು ನೆನಪಿರಲಿ.

ಹೆಸರು ಕೂಗುವ ಮುನ್ನ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕಾದ್ದು ಬರುವ ದಿನಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು ಶನಿವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ಬೆಳಿಗ್ಗೆ ಇಳಿದು ಆಡುತ್ತಾನೆ, ಬುಧವಾರದ ಪಂದ್ಯಕ್ಕೆ ಇರುವುದಿಲ್ಲ. ಇಲಾಖೆ ತಂಡಗಳಲ್ಲಿ, ಸೇನೆಯಲ್ಲಿ ಇರುವವರಿಗೆ ಅನುಮತಿ ಪತ್ರ ಬೇಕು. ‘ಬರ್ತೇನೆ’ ಎಂಬ ಮಾತನ್ನು ತಾರೀಕುಗಳಾಗಿ ಬರೆಸಿಕೊಳ್ಳಿ. ಮೂರು ದಿನ ಬಾರದ ಐದಂಕದವನಿಗಿಂತ ಎಲ್ಲ ದಿನ ಬರುವ ನಾಲ್ಕಂಕದವನು ಮೇಲು.

ಕೊನೆಯ ಸರದಿಗೆ ಎರಡನೇ ಕೀಪರನ್ನು ಉಳಿಸಿಕೊಳ್ಳಿ. ಹದಿನೈದನೆಯವನಾಗಿ ಇನ್ನೊಬ್ಬ ಫಾರ್ವರ್ಡ್ ಕಂಡು ಕೈ ತುರಿಸಿದರೂ ತಡೆದುಕೊಳ್ಳಿ. ಮೊದಲ ಕೀಪರ್ ಬೆರಳು ಮುರಿದುಕೊಂಡ ದಿನ ಆ ಫಾರ್ವರ್ಡ್‌ಗೇ ಪ್ಯಾಡ್ ಕಟ್ಟಬೇಕಾಗುತ್ತದೆ.